ಓಪನ್ ತಂತಿ ಸರಿ ಇದೆ, ಇ ಮೇಜರ್ ಹಿಡಿದರೆ ಅಪಶ್ರುತಿ: 9 ಸಾವಿರದ ಎಲೆಕ್ಟ್ರಿಕ್ ಗಿಟಾರ್

ಎರೆನೆಲ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಅಕೌಸ್ಟಿಕ್ ನುಡಿಸಿದ್ದೇನೆ. ಫೆಬ್ರವರಿಯಲ್ಲಿ ಮೊದಲ ಎಲೆಕ್ಟ್ರಿಕ್ ಗಿಟಾರ್ ಬಂತು. ಸ್ಟ್ರ್ಯಾಟ್ (ಸ್ಟ್ರ್ಯಾಟೊಕಾಸ್ಟರ್) ಆಕಾರ, ತಂತಿಯ ಅಲುಗಾಟ ಹಿಡಿಯುವ ಮೂರು ಸಿಂಗಲ್ ಕಾಯಿಲ್ ಪಿಕಪ್, 9 ಸಾವಿರ ರೂಪಾಯಿ. ಜೊತೆಗೆ 10 ವ್ಯಾಟಿನ ಸಣ್ಣ ಆಂಪ್. ಭತ್ತದ ದುಡ್ಡು ಕೈಗೆ ಬಂದಾಗ ಅಪ್ಪ ಕೊಡಿಸಿದ್ದು. ಹಾಗಾಗಿ ಇದನ್ನು ಮಾರಿ ಒಳ್ಳೆಯದು ತಗೊಳ್ಳಿ ಅನ್ನಬೇಡಿ, ದಯವಿಟ್ಟು. ಇದನ್ನೇ ಸರಿಮಾಡಿಕೊಳ್ಳಬೇಕು.

ನಿದ್ದೆ ಕೆಡಿಸಿರುವುದು ಶ್ರುತಿ. ಫೋನಿನ ಟ್ಯೂನರ್ ಇಟ್ಟು ಆರೂ ತಂತಿ ಓಪನ್, ಅಂದರೆ ಎಲ್ಲೂ ಬೆರಳು ಒತ್ತದೆ, ಸರಿಮಾಡುತ್ತೇನೆ. ಆಮೇಲೆ ಇ ಮೇಜರ್ ಕಾರ್ಡ್ ಹಿಡಿದರೆ ಹಾಲಿಗೆ ಹುಳಿ ಹಿಂಡಿದ ಹಾಗೆ. ಅದಕ್ಕೆ ತಕ್ಕಂತೆ ಜಿ ತಂತಿ ಸ್ವಲ್ಪ ಇಳಿಸಿದರೆ ಜಿ ಮೇಜರ್ ಕೆಡುತ್ತದೆ. ವಿಚಿತ್ರ ಅಂದರೆ ಐದನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿ ಬಾರ್ ಕಾರ್ಡ್ ಹಿಡಿದರೆ ಪರವಾಗಿಲ್ಲ.

ಇನ್ನೊಂದು, ಆಂಪ್ ಹಾಕಿದ ಕೂಡಲೇ ಗುಂಯ್ ಅನ್ನುವ ಸದ್ದು. ತಂತಿ ಮುಟ್ಟಿದರೆ ಕಡಿಮೆ ಆಗುತ್ತದೆ. ಬರಿಗಾಲಲ್ಲಿ ನಿಂತಿದ್ದರೆ ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತದೆ. ಏಪ್ರಿಲ್ ಬಂದ ಮೇಲೆ ಫ್ರೆಟ್ ತುದಿಗಳು ಅಂಗೈಗೆ ಚುಚ್ಚುತ್ತಿವೆ, ತಂದಾಗ ಹೀಗಿರಲಿಲ್ಲ. ನೆಕ್ (ಗಿಟಾರ್ ಕತ್ತು) ಬಾಗಿದೆಯಾ? ಅದರೊಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಬೇಕಾ?

ಆರು ತಂತಿ, ರಾಯಚೂರು

ನೆಕ್ ಬಾಗಿರುತ್ತೆ. ಅಗ್ಗದ ಗಿಟಾರ್‌ನಲ್ಲಿ ಇದು ಮಾಮೂಲು. ಟ್ರಸ್ ರಾಡ್ ಒಂದು ಸುತ್ತು ಬಿಗಿ ಮಾಡಿ ನೋಡಿ.

ರಸಮಂಜರಿ ಗಿಟಾರ್, ಬಳ್ಳಾರಿ

ಒಂದು ಸುತ್ತು ಬೇಡ. ಅಲೆನ್ ಕೀ ಕೆಳಗಿಡಿ. ಟ್ರಸ್ ರಾಡ್ ತಿರುಗಿಸುವುದಾದರೂ ಕಾಲು ಸುತ್ತು, ಆಮೇಲೆ ಬಿಟ್ಟು ನೋಡಬೇಕು. ಅದೂ ಅಳತೆ ತೆಗೆದ ಮೇಲೆ. ಶ್ರುತಿ ತಪ್ಪಿದಾಗಲೆಲ್ಲ ಟ್ರಸ್ ರಾಡ್‌ಗೆ ಕೈ ಹಾಕುವುದರಿಂದಲೇ ಎಷ್ಟೋ ನೆಕ್ ಹಾಳಾಗಿವೆ.

ನಾನು ಇಪ್ಪತ್ತು ವರ್ಷದಿಂದ ಜಾತ್ರೆ, ಗಣೇಶ ಹಬ್ಬ, ಮದುವೆಗಳ ರಸಮಂಜರಿಯಲ್ಲಿ ನುಡಿಸುತ್ತಿದ್ದೇನೆ. ಅದರಲ್ಲಿ ಹನ್ನೊಂದು ವರ್ಷ ನಿಮ್ಮದರಂಥದ್ದೇ ಅಗ್ಗದ ಗಿಟಾರ್ ಹೆಗಲಿಗಿತ್ತು. ನೀವು ಹೇಳಿದ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ: ಕೆಳಗಿನ ಫ್ರೆಟ್‌ಗಳಲ್ಲಿ ಕೆಡುತ್ತದೆ, ಮೇಲೆ ಹೋದರೆ ಸರಿ. ಆದರೂ ಊಹೆ ಬೇಡ, ಅಳೆಯೋಣ.

ಟ್ಯೂನರ್‌ನಲ್ಲಿ ಸೆಂಟ್ ತೋರಿಸುತ್ತದೆ ಅಲ್ವಾ? ಒಂದು ಫ್ರೆಟ್‌ನ ಅಂತರ ಅಂದರೆ 100 ಸೆಂಟ್. ಜಿ ತಂತಿ ಓಪನ್ ಸರಿಮಾಡಿ. ಆಮೇಲೆ 1, 3, 5, 12ನೇ ಫ್ರೆಟ್ ಒತ್ತಿ ಎಷ್ಟು ಸೆಂಟ್ ಮೇಲಿದೆ ಅಂತ ಬರೆದುಕೊಳ್ಳಿ. ಬೆರಳು ಹಗುರವಾಗಿರಲಿ, ಜೋರಾಗಿ ಒತ್ತಿದರೂ ಸ್ವರ ಮೇಲೇರುತ್ತದೆ. ತಂತಿ ಹಳೆಯದಾಗಿದ್ದರೆ ಮೊದಲು ಬದಲಿಸಿ, 9-42 ಅನ್ನುವ ತೆಳು ತಂತಿಯ ಸೆಟ್ ಸಾಕು.

ನೆಕ್ ನೋಡಲು ಬೈಕ್ ಮೆಕ್ಯಾನಿಕ್ ಹತ್ತಿರ ಹೋಗಿ. ವಾಲ್ವ್ ಕ್ಲಿಯರೆನ್ಸ್ ನೋಡುವ ಫೀಲರ್ ಗೇಜ್ ಅವರಲ್ಲಿ ಇರುತ್ತದೆ. ದಪ್ಪನೆಯ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ. ಆಗ ಆ ತಂತಿಯೇ ನೇರ ಪಟ್ಟಿ ಇದ್ದ ಹಾಗೆ. 8ನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. 0.2ರಿಂದ 0.25 ಮಿಲಿಮೀಟರ್ ಇದ್ದರೆ ನೆಕ್ ಮುಟ್ಟುವ ಹಾಗಿಲ್ಲ.

ಕೊನೆಗೆ ಒಂದೊಂದೇ ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲಿನ ಸಂದು ಅಳೆಯಿರಿ. ಇದೇ ಮುಖ್ಯ.

ಎರೆನೆಲ, ಸಿಂಧನೂರು

ಹೊಸ ತಂತಿ ಹಾಕಿ, ಒಂದು ರಾತ್ರಿ ಬಿಟ್ಟು ಅಳೆದೆ. ಜಿ ತಂತಿ: 1ನೇ ಫ್ರೆಟ್ 19 ಸೆಂಟ್ ಮೇಲೆ, 3ನೇದು 11, 5ನೇದು 6, 12ನೇದು 3. ಉಳಿದ ತಂತಿಗಳೂ ಇದೇ ಥರ, ಜಿ ಎಲ್ಲಕ್ಕಿಂತ ಜಾಸ್ತಿ.

8ನೇ ಫ್ರೆಟ್ ಮೇಲೆ 0.25ರ ಗೇಜ್ ತಂತಿಯನ್ನು ಅಲ್ಲಾಡಿಸದೆ ನುಸುಳುತ್ತದೆ, 0.3 ತಂತಿಯನ್ನು ಎತ್ತುತ್ತದೆ. ಮೊದಲ ಫ್ರೆಟ್ ಮೇಲೆ ಮಾತ್ರ ಜಿ ತಂತಿಗೆ 0.35 ಸಂದು ಇದೆ.

ರಸಮಂಜರಿ ಗಿಟಾರ್, ಬಳ್ಳಾರಿ

ಹಾಗಾದರೆ ನೆಕ್ ಬಾಗಿಲ್ಲ. ತಪ್ಪು ನಟ್‌ನದು. ತಂತಿಗಳು ತಲೆಯ ಕಡೆ ಹಾದು ಹೋಗುವ ಬಿಳಿ ಪ್ಲಾಸ್ಟಿಕ್ ತುಂಡು ಇದೆಯಲ್ಲ, ಅದರ ಗಾಡಿಗಳನ್ನು (ತಂತಿ ಕೂರುವ ಸಣ್ಣ ಕಚ್ಚುಗಳನ್ನು) ಕಾರ್ಖಾನೆಯಲ್ಲಿ ಆಳವಾಗಿ ಕೊಯ್ದಿಲ್ಲ. ತಂತಿ ಎತ್ತರದಲ್ಲಿ ಕೂತಿದೆ. ಮೊದಲ ಫ್ರೆಟ್ ಒತ್ತಿದಾಗ ಅಷ್ಟು ದೂರ ಕೆಳಗೆ ಎಳೆಯಬೇಕಾಗುತ್ತದೆ, ಎಳೆದಷ್ಟೂ ಬಿಗಿ, ಬಿಗಿಯಾದಷ್ಟೂ ಸ್ವರ ಮೇಲೆ. ನಟ್‌ನಿಂದ ದೂರ ಹೋದ ಹಾಗೆ ಅದರ ಪರಿಣಾಮ ಕಡಿಮೆ. ನಿಮ್ಮ 19, 11, 6, 3 ಅದನ್ನೇ ಹೇಳುತ್ತಿದೆ. ಲೆಕ್ಕ ತಿರುಗಾಮುರುಗಾ ಇದ್ದಿದ್ದರೆ, ಅಂದರೆ 12ನೇ ಫ್ರೆಟ್‌ನಲ್ಲಿ ಜಾಸ್ತಿ ಇದ್ದಿದ್ದರೆ, ಬ್ರಿಡ್ಜ್‌ನ ಸ್ಯಾಡಲ್ (ಬಾಡಿ ಕಡೆ ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ ಅನ್ನುತ್ತಿದ್ದೆ.

ಇ ಮೇಜರ್ ಯಾಕೆ ಅಷ್ಟು ಕೆಟ್ಟದಾಗಿ ಕೇಳುತ್ತದೆ ಅಂದರೆ, ಅದರಲ್ಲಿ ಜಿ ತಂತಿಯ ಮೊದಲ ಫ್ರೆಟ್ ಬರುತ್ತದೆ. ಆ ಸ್ವರವೇ ಕಾರ್ಡ್ ಮೇಜರ್ ಅನ್ನಿಸುವಂತೆ ಮಾಡುವುದು. ನಿಮ್ಮ ಕಿವಿ ಚೆನ್ನಾಗಿದೆ.

ಜಿ ಗಾಡಿಯನ್ನು ಅರದಿಂದ ಸ್ವಲ್ಪ ಸ್ವಲ್ಪ ಆಳ ಮಾಡಬೇಕು. ಗಿಟಾರ್ ನಟ್‌ಗೆ ಅಂತಲೇ ಅರಗಳ ಸೆಟ್ ಸಿಗುತ್ತದೆ, ನಿಮ್ಮ ಗಿಟಾರ್‌ನ ಅರ್ಧ ಬೆಲೆ ಅದಕ್ಕೇ ಆಗುತ್ತದೆ. ಬೇಡ. ಅಕ್ಕಸಾಲಿಗರ ಹತ್ತಿರ ಸೂಜಿ ಅರ ಇರುತ್ತದೆ. ದಪ್ಪ ತಂತಿಗಳ ಗಾಡಿಗೆ ನೀವು ಬಿಚ್ಚಿದ ಹಳೇ ಸುತ್ತು ತಂತಿಯೇ ಅರ: ಗಾಡಿಯಲ್ಲಿ ಇಟ್ಟು ಹಿಂದೆ ಮುಂದೆ ಎಳೆಯಿರಿ. ಅರ ತಲೆಯ ಕಡೆಗೆ ಇಳಿಜಾರಾಗಿರಲಿ, ತಂತಿ ಫ್ರೆಟ್ ಕಡೆಯ ಅಂಚಿನ ಮೇಲೆ ಕೂರಬೇಕು. ಇಳಿಜಾರು ತಪ್ಪಿದರೆ ಓಪನ್ ತಂತಿ ಸಿತಾರ್ ಥರ ಝರ್ ಅನ್ನುತ್ತದೆ. ಮೂರು ಎಳೆತ, ತಂತಿ ಕೂರಿಸು, ಶ್ರುತಿ ಮಾಡು, ಅಳೆ. ಮತ್ತೆ ಮೂರು ಎಳೆತ. 0.1ಕ್ಕೆ ಬಂದ ಕೂಡಲೇ ನಿಲ್ಲಿಸಿ.

ಎರೆನೆಲ, ಸಿಂಧನೂರು

ಇವತ್ತು ಆಯಿತು. ನಮ್ಮ ಓಣಿಯ ಅಕ್ಕಸಾಲಿಗರು ಅರ ಕೊಡಲಿಲ್ಲ, ಗಿಟಾರ್ ಇಲ್ಲಿ ಕೊಡು ಅಂದರು. ಗಿಣಿ ಬಣ್ಣದ ಗಿಟಾರ್ ಅವರ ತಗ್ಗು ಮೇಜಿನ ಮೇಲೆ, ನೆಕ್ ಕೆಳಗೆ ಮಡಿಸಿದ ಟವೆಲ್. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಾಡಿಯನ್ನು ಒಂದು ನಿಮಿಷ ಸುಮ್ನೆ ನೋಡಿದರು. ಆಮೇಲೆ ಅರ ಇಟ್ಟು ಉಸಿರು ಬಿಡುವಷ್ಟು ಮೆತ್ತಗೆ ಮೂರು ಸಲ ಎಳೆದರು. ಬಿಳಿ ಪುಡಿ ಬಂತು, ಊದಲಿಲ್ಲ, ಬ್ರಷ್‌ನಿಂದ ಎತ್ತಿದರು. ಚಿನ್ನದ ಪುಡಿಯನ್ನು ಹಾಗೇ ಎತ್ತುತ್ತಾರಂತೆ, ಕೈಗೆ ಅದೇ ರೂಢಿ. ನಾನು ಶ್ರುತಿ ಮಾಡುವುದು, ಗೇಜ್ ಇಡುವುದು, ಅವರು ಎಳೆಯುವುದು. ಜಿ ತಂತಿಗೆ ಹದಿನೈದು ಸಲ ಹೀಗೆ ಮಾಡಿದೆವು. ದುಡ್ಡು ತಗೊಳ್ಳಲಿಲ್ಲ.

ಈಗ ಜಿ ತಂತಿ ಮೊದಲ ಫ್ರೆಟ್‌ನಲ್ಲಿ 5 ಸೆಂಟ್. ಇ ಮೇಜರ್ ಹಿಡಿದು ಎಷ್ಟು ಹೊತ್ತು ಅದನ್ನೇ ಬಾರಿಸಿದೆನೋ ಗೊತ್ತಿಲ್ಲ. ಬೆರಳಿಗೂ ಹಗುರ.

ಒಂದು ತಪ್ಪಾಯಿತು. ಬಿ ತಂತಿಯ ಗಾಡಿಯನ್ನು ಮನೆಗೆ ಬಂದು ನಾನೇ ಎಳೆದೆ, ಎರಡು ಎಳೆತ ಜಾಸ್ತಿ ಆಯಿತು. ಓಪನ್ ಬಿ ಮೊದಲ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತಿದೆ. ಹೊಸ ನಟ್ ಹಾಕಬೇಕಾ?

ರಸಮಂಜರಿ ಗಿಟಾರ್, ಬಳ್ಳಾರಿ

ಬೇಡ. ಮಿರ್ಚಿ ಭಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಮನೆಯಲ್ಲಿ ಇರುತ್ತಲ್ಲ, ಅದು ಚಿಟಿಕೆ ಸಾಕು. ನಟ್ ಸುತ್ತ ಟೇಪ್ ಅಂಟಿಸಿ. ಗಾಡಿಯ ತಳಕ್ಕೆ ಸೋಡಾ ಒತ್ತಿ, ಸೂಜಿ ತುದಿಯಿಂದ ಒಂದೇ ಹನಿ ಫೆವಿಕ್ವಿಕ್ ಮುಟ್ಟಿಸಿ. ಕ್ಷಣದಲ್ಲಿ ಕಲ್ಲಾಗುತ್ತದೆ. ಬಿಸಿಯಾಗಿ ಘಾಟು ಬರುತ್ತದೆ, ಮುಖ ದೂರ ಇಡಿ. ಆಮೇಲೆ ಮತ್ತೆ ಅರ. ಗಾಡಿಗಳಿಗೆಲ್ಲ ಪೆನ್ಸಿಲ್ ಸೀಸ ತಿಕ್ಕಿಬಿಡಿ, ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ, ತಂತಿ ಪಕ್ಕಕ್ಕೆ ಎಳೆದು ಬೆಂಡ್ ಮಾಡಿದ ಮೇಲೂ ಶ್ರುತಿ ನಿಲ್ಲುತ್ತದೆ.

ಟ್ರೆಮೊಲೊ ಹಿಡಿ (ಬ್ರಿಡ್ಜ್ ಅಲ್ಲಾಡಿಸಿ ಸ್ವರ ನಡುಗಿಸುವ ಕಡ್ಡಿ) ಬಳಸದೇ ಇದ್ದರೆ ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ, ಬ್ರಿಡ್ಜ್ ಬಾಡಿಗೆ ಒತ್ತಿ ಕೂರಲಿ. ನಾನು ಮೊದಲ ವರ್ಷದಿಂದ ಹಾಗೇ ಇಟ್ಟಿದ್ದೇನೆ.

ಮೋಟಾರ್ ವೈಂಡಿಂಗ್, ಕೊಪ್ಪಳ

ನಟ್ ವಿಷಯ ಮುಗಿಯಲಿ ಅಂತ ಕಾದಿದ್ದೆ. ಸಿಂಧನೂರಿನವರೇ, ಕೈಗೆ ಜುಮ್ ಅನ್ನುತ್ತದೆ ಅಂದಿದ್ದೀರಿ. ಆ ಸಾಕೆಟ್‌ನಲ್ಲಿ ಇನ್ನು ಆಂಪ್ ಹಾಕಬೇಡಿ. ಗುಂಯ್ ಸದ್ದಿಗಿಂತ ಇದು ದೊಡ್ಡ ವಿಷಯ.

ಗಿಟಾರ್ ತಂತಿ ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿದೆ. ಚಾಸಿ ಪ್ಲಗ್‌ನ ದಪ್ಪ ಪಿನ್ ಮೂಲಕ ಅರ್ತ್‌ಗೆ ಸೇರಬೇಕು. ಆ ಅರ್ತ್ ಸತ್ತಿದ್ದರೆ ಟ್ರಾನ್ಸ್‌ಫಾರ್ಮರ್‌ನ ಸಣ್ಣ ಸೋರಿಕೆ ಚಾಸಿಯಲ್ಲೇ ನಿಂತು, ನೀವು ಬರಿಗಾಲಲ್ಲಿ ನಿಂತು ತಂತಿ ಮುಟ್ಟಿದಾಗ ನಿಮ್ಮ ಮೈ ಮೂಲಕ ಭೂಮಿಗೆ ಇಳಿಯುತ್ತದೆ. ಇವತ್ತು ಜುಮ್. ಆಂಪ್ ಒಳಗೆ ಒಂದು ವೈರ್ ಬಿಚ್ಚಿ ಚಾಸಿಗೆ ತಾಗಿದ ದಿನ ಜುಮ್ ಅಲ್ಲ.

ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಎರೆ ಮಣ್ಣಿನ ಊರಲ್ಲಿ ಬೇಸಿಗೆಗೆ ನೆಲ ಬಿರಿಯುತ್ತದೆ, ಅರ್ತ್ ಪೈಪ್ ಸುತ್ತ ತೇವ ಹೋಗುತ್ತದೆ. ತೇವ ಇಲ್ಲದ ಮಣ್ಣು ಕರೆಂಟನ್ನು ಸುಲಭವಾಗಿ ಹರಿಯಲು ಬಿಡುವುದಿಲ್ಲ. ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು, ಬೇಸಿಗೆಯಲ್ಲಿ ನೀರು ಹಾಕುವುದು.

ಎರೆನೆಲ, ಸಿಂಧನೂರು

ನೀವು ಹೇಳಿದ್ದೇ ನಿಜ. ಫೇಸ್-ನ್ಯೂಟ್ರಲ್ 226 ಬಂತು. ಫೇಸ್-ಅರ್ತ್ 90ರ ಹತ್ತಿರ ಅಲ್ಲಾಡುತ್ತಿತ್ತು. ಹಿತ್ತಲಲ್ಲಿ ನೋಡಿದರೆ ಪೈಪ್‌ಗೆ ಕಟ್ಟಿದ್ದ ವೈರ್ ತುಕ್ಕು ಹಿಡಿದು ತುಂಡಾಗಿದೆ. ಹೊಸ ಕ್ಲಾಂಪ್, ಹೊಸ ವೈರ್ ಹಾಕಿಸಿದೆವು, ಗುಂಡಿಗೆ ಇದ್ದಿಲು, ಉಪ್ಪು, ನಾಲ್ಕು ಕೊಡ ನೀರು. ಈಗ ನ್ಯೂಟ್ರಲ್-ಅರ್ತ್ 2 ವೋಲ್ಟ್. ಜುಮ್ ನಿಂತಿದೆ. ಅಮ್ಮ ವಾಷಿಂಗ್ ಮಷೀನ್ ಮುಟ್ಟಿದಾಗಲೂ ಹೀಗೇ ಆಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ.

ಗುಂಯ್ ಅರ್ಧ ಹೋಗಿದೆ, ಅರ್ಧ ಇದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಬೇರೆ ಥರ ಕೀರಲು ಸದ್ದು.

ಮೋಟಾರ್ ವೈಂಡಿಂಗ್, ಕೊಪ್ಪಳ

ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು. ಅದರ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಪ್ರತಿ ಮೆಟ್ಟಿಲೂ ಸ್ಪೀಕರ್‌ನಲ್ಲಿ ಕೇಳುತ್ತದೆ. ಆಗ ಆಂಪ್ ಬಿಟ್ಟು ಸುಮ್ನೆ ಅಭ್ಯಾಸ ಮಾಡಿ.

ಉಳಿದ ಗುಂಯ್ ನಿಮ್ಮ ಗಿಟಾರ್‌ನ ಹುಟ್ಟುಗುಣ. ಪಿಕಪ್ ಅಂದರೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ನಾನು ದಿನಾ ಪಂಪ್‌ಸೆಟ್‌ಗೆ ಸುತ್ತುವುದರ ತಮ್ಮ. ಗಿಟಾರ್ ತಂತಿ ಅಲುಗಿದ್ದನ್ನೂ ಹಿಡಿಯುತ್ತದೆ, ಮನೆ ವೈರಿಂಗ್‌ನ 50 ಹರ್ಟ್ಸ್ ಕರೆಂಟನ್ನೂ ಹಿಡಿಯುತ್ತದೆ. 1954ರಲ್ಲಿ ಬಂದ ಮೊದಲ ಸ್ಟ್ರ್ಯಾಟೊಕಾಸ್ಟರ್‌ನಲ್ಲೂ ಇದೇ ಮೂರು ಸಿಂಗಲ್ ಕಾಯಿಲ್. ಅದನ್ನು ಮಾಡಿದ ಲಿಯೊ ಫೆಂಡರ್ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು, ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಇದನ್ನು ಓದಿದ ದಿನ ನನಗೆ ತುಂಬಾ ಸಂತೋಷವಾಗಿತ್ತು. ಗುಂಯ್ ಕೊಲ್ಲಲು ಎರಡು ಕಾಯಿಲ್ ಎದುರುಬದುರು ಸುತ್ತಿ ಜೋಡಿಸುವ ಪಿಕಪ್‌ಗೆ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್ ಕೇಳಿದರು.

ಯಾವ ಪಿಕಪ್ ಕೇಳಬೇಕು ಅಂತ ಆರಿಸುವ ನಿಮ್ಮ ಸೆಲೆಕ್ಟರ್ ಸ್ವಿಚ್ ಅನ್ನು 2 ಅಥವಾ 4ರಲ್ಲಿ ಇಟ್ಟು ನೋಡಿ. ನಡುವಿನ ಪಿಕಪ್ ತಿರುಗಿಸಿ ಸುತ್ತಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಆಂಪ್‌ನಿಂದ ಎರಡು ಮೀಟರ್ ದೂರ ಕೂತು, ಕುರ್ಚಿ ಮೆಲ್ಲಗೆ ತಿರುಗಿಸಿ, ಒಂದು ದಿಕ್ಕಿನಲ್ಲಿ ಕಡಿಮೆ ಆಗುತ್ತದೆ. ಫ್ಯಾನ್‌ನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಪೂರ್ತಿ ಏರಿಸಿ ಅಥವಾ ಆರಿಸಿ.

ಎರೆನೆಲ, ಸಿಂಧನೂರು

4ರಲ್ಲಿ ಬಹುತೇಕ ಇಲ್ಲವೇ ಇಲ್ಲ! ಕಿಟಕಿ ಕಡೆ ಮುಖ ಮಾಡಿ ಕೂತರೆ 1ರಲ್ಲೂ ಪರವಾಗಿಲ್ಲ. ಕುರ್ಚಿ ಅಲ್ಲೇ ಇಟ್ಟಿದ್ದೇನೆ.

ಫ್ರೆಟ್ ತುದಿಗಳಿಗೆ ಮಳೆಗಾಲದವರೆಗೆ ಕಾಯಲಾ? ಶೇಂಗಾ ಎಣ್ಣೆ ಹಚ್ಚಿದರೆ ಕಟ್ಟಿಗೆ ಉಬ್ಬುತ್ತೆ ಅಂತ ಒಬ್ಬರು ಹೇಳಿದರು.

ರಸಮಂಜರಿ ಗಿಟಾರ್, ಬಳ್ಳಾರಿ

ಅಡುಗೆ ಎಣ್ಣೆ ಯಾವುದೂ ಬೇಡ, ಕಮಟು ವಾಸನೆ ಬಂದು ಅಂಟಾಗುತ್ತದೆ. ಕಾಯುವುದೂ ಬೇಡ. ನಮ್ಮ ಕಡೆ ಬಿಸಿಲು 40 ದಾಟಿದಾಗ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಫ್ರೆಟ್‌ನ ಲೋಹ ಕುಗ್ಗುವುದಿಲ್ಲ, ತುದಿ ಹೊರಗೆ ಬರುತ್ತದೆ. ಈಗ, ಅತಿ ಒಣಗಿದ ಕಾಲದಲ್ಲೇ ಅರ ಹಿಡಿದರೆ ಮುಂದಿನ ಬೇಸಿಗೆಗೂ ಚುಚ್ಚುವುದಿಲ್ಲ. ಮಳೆಗಾಲದಲ್ಲಿ ಮಾಡಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಇದೇ ಕೆಲಸ. ಪಿಕಪ್‌ಗಳ ಮೇಲೆ ಟೇಪ್ ಅಂಟಿಸಿ, ಲೋಹದ ಪುಡಿ ಅವುಗಳೊಳಗೆ ಹೋಗಬಾರದು. ಚಪ್ಪಟೆ ಅರ ನೆಕ್ ಉದ್ದಕ್ಕೂ ಮೆತ್ತಗೆ ಹೋಗಲಿ, ಕೊನೆಗೆ 600 ನಂಬರ್ ಪಾಲಿಶ್ ಪೇಪರ್. ಗಿಟಾರನ್ನು ತಗಡಿನ ಮಾಡಿನ ಕೋಣೆಯಲ್ಲಿ ಇಡಬೇಡಿ.

ಎರೆನೆಲ, ಸಿಂಧನೂರು

ಮುಗಿಸಿದೆ. ಬಿ ಗಾಡಿಯೂ ಸೋಡಾದಿಂದ ಸರಿಯಾಯಿತು. ಈಗ ಉಳಿದಿರುವುದು ಒಂದೇ. ಜಿ ತಂತಿಯ 5ನೇ ಫ್ರೆಟ್‌ನ ಸ್ವರ ಬೇಗ ಸಾಯುತ್ತದೆ. ಅಕ್ಕಪಕ್ಕದವು ಐದಾರು ಸೆಕೆಂಡ್ ನಿಲ್ಲುತ್ತವೆ, ಇದು ಎರಡಕ್ಕೇ ಮುಗಿಯುತ್ತದೆ. ಝರ್ ಅನ್ನುವುದಿಲ್ಲ.

ರಸಮಂಜರಿ ಗಿಟಾರ್, ಬಳ್ಳಾರಿ

ಅದು ಡೆಡ್ ಸ್ಪಾಟ್. ಆ ಸ್ವರಕ್ಕೆ ನೆಕ್ ತಾನೂ ಅಲುಗಿ ತಂತಿಯ ಕಸುವನ್ನು ನುಂಗುತ್ತದೆ. ಸ್ಕ್ರೂ ಹಾಕಿ ಜೋಡಿಸಿದ ನೆಕ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ಸುತ್ತಲೇ ಜಾಸ್ತಿ, ದುಬಾರಿ ಗಿಟಾರ್‌ನಲ್ಲೂ ಇದೆ. ಇದಕ್ಕೆ ಅರ ಇಲ್ಲ. ಅದು ಸಿ ಸ್ವರ. ಎಳೆದು ನಿಲ್ಲಿಸಬೇಕಾದ ಕಡೆ ಡಿ ತಂತಿಯ 10ನೇ ಫ್ರೆಟ್‌ನಲ್ಲಿ ಅದೇ ಸ್ವರ ಇದೆ, ಸ್ವಲ್ಪ ತುಂಬಿದ ದನಿಯಲ್ಲಿ. ನಾನು ವೇದಿಕೆ ಮೇಲೆ ಅಲ್ಲೇ ಹಿಡಿಯುತ್ತೇನೆ.

ಎರೆನೆಲ, ಸಿಂಧನೂರು

ಹಿಡಿದು ನೋಡಿದೆ. ನಿಲ್ಲುತ್ತದೆ. ನಾಳೆ ಗಿಟಾರ್ ತಗೊಂಡು ಅಕ್ಕಸಾಲಿಗರ ಅಂಗಡಿಗೆ ಹೋಗುತ್ತೇನೆ, ಇ ಮೇಜರ್ ಅವರಿಗೂ ಕೇಳಿಸಬೇಕು.