ಹೆಣೆದ ಹಗ್ಗ 5607ಕ್ಕೋ 5808ಕ್ಕೋ? ಕಸ್ಟಮ್ಸ್‌ನಲ್ಲಿ ನಿಂತಿರುವ ನಾಲ್ಕು ರೀಲುಗಳು

ಪ್ರಶ್ನೆ: ಕಾರವಾರದಿಂದ

ಮಾನ್ಯರೇ,

ಬೈತಖೋಲ ಬಂದರಿನ ಹತ್ತಿರ ದೋಣಿ ಸಾಮಾನಿನ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮೀನುಗಾರರಿಗೆ ಬೇಕಾಗುವ ಹೊಸೆದ ಹಗ್ಗ ನಮ್ಮ ದೇಶದಲ್ಲಿಯೇ ಬೇಕಾದಷ್ಟು ಸಿಗುತ್ತದೆ. ಆದರೆ ಕಾಳಿ ನದಿಯ ಹಿನ್ನೀರಿನಲ್ಲಿ ಕಯಾಕ್ ನಡೆಸುವವರು ಮತ್ತು ಸಣ್ಣ ಹಾಯಿದೋಣಿ ಕಟ್ಟಿಕೊಂಡಿರುವ ಕೆಲವು ಹವ್ಯಾಸಿಗಳು ತೆಳುವಾದ, ಭಾರ ಬಿದ್ದರೂ ಹಿಗ್ಗದ, ಹೆಣೆದ ಹಗ್ಗವನ್ನೇ ಕೇಳುತ್ತಾರೆ. ಅವರಿಗಾಗಿ ಹೊರದೇಶದಿಂದ ಹಡಗಿನ ಮೂಲಕ ನಾಲ್ಕು ಬಗೆಯ ಸರಕು ತರಿಸಿದ್ದೇನೆ: 4 ಮಿ.ಮೀ. ದಪ್ಪದ, ಹನ್ನೆರಡು ಎಳೆಯಲ್ಲಿ ಹೆಣೆದ ಡೈನೀಮಾ (ಬಹಳ ಗಟ್ಟಿಯಾದ ಒಂದು ಕೃತಕ ನಾರು) ಹಗ್ಗ, 6 ಮಿ.ಮೀ. ದಪ್ಪದ, ಹೊರಗೆ ಪಾಲಿಎಸ್ಟರ್ ಹೊದಿಕೆ ಮತ್ತು ಒಳಗೆ ಡೈನೀಮಾ ತಿರುಳು ಇರುವ ಹಗ್ಗ, 1 ಮಿ.ಮೀ. ದಪ್ಪದ, ಬಣ್ಣ ಹಾಕಿದ, ಹೆಣೆದ ಪಾಲಿಎಸ್ಟರ್ ದಾರ, ಮತ್ತು 5 ಮಿ.ಮೀ. ದಪ್ಪದ, ಬಟ್ಟೆಯ ಹೊದಿಕೆ ಇರುವ ರಬ್ಬರ್ ಎಳೆಗಳ ಎಲಾಸ್ಟಿಕ್ ಹುರಿ.

ಇನ್‌ವಾಯ್ಸಿನಲ್ಲಿ ಮಾರಾಟಗಾರರು ನಾಲ್ಕಕ್ಕೂ ‘ಹೆಣೆದ ಕಾರ್ಡ್’ ಎಂದಷ್ಟೇ ಬರೆದಿದ್ದಾರೆ. ನಮ್ಮ ಕಸ್ಟಮ್ಸ್ ಬ್ರೋಕರ್ ಆ ‘ಹೆಣೆದ’ ಎಂಬ ಮಾತನ್ನು ಹಿಡಿದುಕೊಂಡು, ಎಲ್ಲವನ್ನೂ ಕಸ್ಟಮ್ಸ್ ಸುಂಕಪಟ್ಟಿಯ 5808ರಲ್ಲಿ, ಅಂದರೆ ಹೆಣೆದ ಪಟ್ಟಿಗಳು ಮತ್ತು ಅಲಂಕಾರದ ಅಂಚುಗಳ ಶೀರ್ಷಿಕೆಯಲ್ಲಿ, ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣಾ ಪತ್ರ) ಸಲ್ಲಿಸಿದರು. ಅಧಿಕಾರಿಗಳು ಈಗ ನಾಲ್ಕನ್ನೂ ಹಗ್ಗದ ಶೀರ್ಷಿಕೆಯಾದ 5607ಕ್ಕೆ ಏಕೆ ಹಾಕಬಾರದು ಎಂದು ಕೇಳಿದ್ದಾರೆ. ಬ್ರೋಕರ್ ಹೇಳುವಂತೆ, ದಪ್ಪದ ಎರಡನ್ನು 5607 50 40, ಅಂದರೆ ನೈಲಾನ್ ಹಗ್ಗ, ಎಂದು ಒಪ್ಪಿಕೊಂಡುಬಿಡಬಹುದು, ಆದರೆ ತೆಳು ದಾರ ಮೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ ತೂಗುವುದರಿಂದ ಅದು ಹಗ್ಗವಾಗಲಾರದು. ಸರಕು ಬಂದರಿನ ಗೋದಾಮಿನಲ್ಲಿ ನಿಂತಿದೆ, ದಿನದಿನಕ್ಕೂ ಬಾಡಿಗೆ ಏರುತ್ತಿದೆ. ಇದೇ ನಾಲ್ಕು ಬಗೆಯ ಸರಕು ನಾಲ್ಕು ತಿಂಗಳ ಹಿಂದೆ 5808ರಲ್ಲಿಯೇ ಬಿಡುಗಡೆಯಾಗಿತ್ತು, ಆಗ ಯಾರೂ ಕೇಳಲಿಲ್ಲ. ಯಾವುದು ಸರಿ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಿರಸಿಯಿಂದ

ನಮಸ್ಕಾರ. ಈಗ ಅಡಿಕೆ ತೋಟ ನೋಡಿಕೊಂಡು ಊರಿನಲ್ಲಿದ್ದೇನೆ, ಆದರೆ ಅನೇಕ ವರ್ಷ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸವನ್ನೇ ಮಾಡಿದವನು. ನಿಮ್ಮ ಪ್ರಕರಣದಲ್ಲಿ ಬ್ರೋಕರ್ ಬರೆದದ್ದೂ ಪೂರ್ತಿ ಸರಿಯಲ್ಲ, ಅಧಿಕಾರಿಗಳು ಕೇಳಿದ್ದೂ ಪೂರ್ತಿ ಸರಿಯಲ್ಲ. ಆದ್ದರಿಂದ ಯಾವ ಒತ್ತಡಕ್ಕೂ ಒಳಗಾಗಿ ಇಡೀ ಪಟ್ಟಿಯನ್ನು ಒಂದೇ ಕೋಡಿಗೆ ಒಪ್ಪಿಕೊಳ್ಳಬೇಡಿ. ನಾಲ್ಕು ಸರಕಿಗೆ ನಾಲ್ಕು ಬೇರೆ ವಿಚಾರಣೆ ಬೇಕು.

ಮೊದಲು ‘ಹೆಣೆದ’ ಎಂಬ ಮಾತು. 5607ರ ಶೀರ್ಷಿಕೆಯ ಪಠ್ಯದಲ್ಲಿಯೇ ಹುರಿ, ಹಗ್ಗ, ಕೇಬಲ್‌ಗಳು ಹೆಣೆದಿರಲಿ ಹೆಣೆಯದಿರಲಿ, ರಬ್ಬರ್ ಅಥವಾ ಪ್ಲಾಸ್ಟಿಕ್ ಲೇಪ, ಹೊದಿಕೆ ಇರಲಿ ಇಲ್ಲದಿರಲಿ, ಇಲ್ಲಿಗೇ ಸೇರುತ್ತವೆ ಎಂದಿದೆ. ಹಾಗಾಗಿ ಹೆಣೆದದ್ದು ಎಂಬ ಒಂದೇ ಕಾರಣಕ್ಕೆ ಸರಕು 5808ಕ್ಕೆ ಹೋಗುವುದಿಲ್ಲ. ಎರಡರ ನಡುವಿನ ಗೆರೆಯನ್ನು ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಗಳು ಎಳೆದಿವೆ: ಬಿಗಿಯಾಗಿ, ಒತ್ತಾಗಿ ಹೆಣೆದು, ಹಗ್ಗವಾಗಿ ಬಳಸಲು ತಕ್ಕಂತಿರುವುದು 5607, ಸಡಿಲವಾದ, ಮೆತ್ತನೆಯ, ಬಟ್ಟೆಯ ಅಂಚಿಗೋ ಅಲಂಕಾರಕ್ಕೋ ಹೊಲಿಯುವಂಥದ್ದು 5808. 5607ರ ಹೆಣೆದ ಹಗ್ಗಗಳಿಗೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ ಎಂಬ ಮಾತೂ ಅಲ್ಲಿದೆ, ಆದರೆ ‘ಸಾಮಾನ್ಯವಾಗಿ’ ಎಂದಿರುವುದನ್ನು ಗಮನಿಸಬೇಕು. ನಿಮ್ಮ ದಾರಕ್ಕೆ ಬಣ್ಣ ಇರುವುದರಿಂದಲೇ ಅದು ಅಲಂಕಾರದ ವಸ್ತುವಾಗುವುದಿಲ್ಲ. ಈ ವಿವರಣಾ ಟಿಪ್ಪಣಿಗಳು ಕಾನೂನಿನ ಪಠ್ಯವಲ್ಲದಿದ್ದರೂ ವರ್ಗೀಕರಣದಲ್ಲಿ ಅವುಗಳಿಗೆ ತೂಕವಿದೆ ಎಂದು ಸುಪ್ರೀಂ ಕೋರ್ಟ್ 1995ರ ವುಡ್ ಕ್ರಾಫ್ಟ್ ಪ್ರಕರಣದಲ್ಲಿಯೇ ಹೇಳಿದೆ, ಆದ್ದರಿಂದ ನಿಮ್ಮ ಉತ್ತರದಲ್ಲಿ ಅವನ್ನು ಧೈರ್ಯವಾಗಿ ಉಲ್ಲೇಖಿಸಬಹುದು.

ಎರಡನೆಯದು ಆ ಒಂದು ಗ್ರಾಮಿನ ಮಾತು. ಅದು ಹುಟ್ಟಿದ್ದು ಸುಂಕಪಟ್ಟಿಯ 11ನೇ ವಿಭಾಗದ 3ನೇ ಟಿಪ್ಪಣಿಯಿಂದ. ಕೃತಕ ನಾರಿನ ನೂಲು 10,000 ಡೆಸಿಟೆಕ್ಸ್‌ಗಿಂತ ಹೆಚ್ಚಿದ್ದರೆ ಅದನ್ನು ಹುರಿ, ಹಗ್ಗ ಎಂದು ಪರಿಗಣಿಸಬೇಕು ಎಂದು ಅಲ್ಲಿದೆ. ಡೆಸಿಟೆಕ್ಸ್ ಎಂದರೆ 10,000 ಮೀಟರ್ ನೂಲಿನ ಗ್ರಾಮ್ ತೂಕ. ಹಾಗಾಗಿ 10,000 ಡೆಸಿಟೆಕ್ಸ್ ಎಂದರೆ ಮೀಟರಿಗೆ ಸರಿಯಾಗಿ ಒಂದು ಗ್ರಾಮ್. ಆದರೆ ಈ ಅಳತೆ ಹೊಸೆದ ನೂಲಿಗೆ ಮಾತ್ರ. ನೂಲು ಎಲ್ಲಿ ಮುಗಿದು ಹಗ್ಗ ಎಲ್ಲಿ ಶುರುವಾಗುತ್ತದೆ ಎಂದು ತೀರ್ಮಾನಿಸಲು ಒಂದು ಗೆರೆ ಬೇಕಿತ್ತು, ಅದಕ್ಕೆ ಇಟ್ಟ ಅಳತೆ ಅದು. ನಮ್ಮ ಕರಾವಳಿಯ ಕತ್ತದ ಹಗ್ಗಕ್ಕೆ ತೂಕವನ್ನೇ ನೋಡುವುದಿಲ್ಲ, ಮೂರು ಅಥವಾ ಹೆಚ್ಚು ಎಳೆ ಸೇರಿಸಿ ಹೊಸೆದಿದ್ದರೆ ಸಾಕು. ಹೆಣೆದ ಹುರಿಗಾದರೋ ಮೀಟರಿನ ತೂಕ ಎಷ್ಟೇ ಇರಲಿ 5607ಕ್ಕೇ ಸೇರುತ್ತದೆ ಎಂದು ವಿವರಣಾ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಬ್ರೋಕರ್ ಹೊಸೆದದ್ದರ ನಿಯಮವನ್ನು ಹೆಣೆದದ್ದಕ್ಕೆ ಹಾಕಿದ್ದಾರೆ.

ಮೂರನೆಯದು ‘ನೈಲಾನ್ ಹಗ್ಗ’. ನಮ್ಮಲ್ಲಿ ಹೊಳೆಯುವ ಹಗ್ಗಕ್ಕೆಲ್ಲ ನೈಲಾನ್ ಎನ್ನುವುದು ರೂಢಿ, ಆದರೆ ಸುಂಕಪಟ್ಟಿಗೆ ಆ ರೂಢಿ ಗೊತ್ತಿಲ್ಲ. ಡೈನೀಮಾ ರಾಸಾಯನಿಕವಾಗಿ ಪಾಲಿಎಥಿಲೀನ್. ಆದ್ದರಿಂದ ಪೂರ್ತಿ ಅದರಿಂದಲೇ ಮಾಡಿದ ಹಗ್ಗ 5607 49ಕ್ಕೆ ಹೋಗಬೇಕೇ ಹೊರತು 5607 50ಕ್ಕಲ್ಲ. ಎರಡು ನಾರು ಬೆರೆತ ಹಗ್ಗದಲ್ಲಿ ತೂಕದಲ್ಲಿ ಯಾವುದು ಹೆಚ್ಚೋ ಇಡೀ ಹಗ್ಗ ಅದರದ್ದೇ ಎಂದು ಲೆಕ್ಕ. ಇದನ್ನು ನೀವೇ ಮನೆಯಲ್ಲಿ ಅಳೆದು ನೋಡಬಹುದು. ಹಿಂದಿನ ಸರಕಿನ ತುಂಡುಗಳಿದ್ದರೆ ತೂಗಿ ತಿಳಿಸಿ.

ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆಯ ಹೊದಿಕೆಯ ರಬ್ಬರ್ ಹುರಿಗೆ 5604 10 ಎಂಬ ಪ್ರತ್ಯೇಕ ಜಾಗವೇ ಇದೆ.

ಪ್ರಶ್ನೆ ಕೇಳಿದವರು: ಕಾರವಾರದಿಂದ

ಹಿರಿಯರೇ, ನೀವು ಹೇಳಿದಂತೆಯೇ ಮಾಡಿದೆ. ಪಕ್ಕದ ಚಿನ್ನದ ಅಂಗಡಿಯವರ ತಕ್ಕಡಿ ಕೇಳಿ ತಂದು, ಹಿಂದಿನ ಸರಕಿನಲ್ಲಿ ಉಳಿದಿದ್ದ ತುಂಡುಗಳನ್ನು ತೂಗಿದೆ. ತೆಳು ದಾರ 10 ಮೀಟರಿಗೆ 8 ಗ್ರಾಮ್ ತೂಗಿತು. ಉಗುರಿನಿಂದ ಎಷ್ಟು ಒತ್ತಿದರೂ ಅದರ ಎಳೆಗಳ ನಡುವೆ ಸಂದು ಬಿಡಲಿಲ್ಲ, ಅಷ್ಟು ಬಿಗಿಯಾಗಿದೆ. 4 ಮಿ.ಮೀ. ಹಗ್ಗ 10 ಮೀಟರಿಗೆ 85 ಗ್ರಾಮ್ ಬಂತು. 6 ಮಿ.ಮೀ. ಹಗ್ಗದ 5 ಮೀಟರ್ ತುಂಡು 124 ಗ್ರಾಮ್ ಇತ್ತು. ತುದಿಯನ್ನು ಬಿಡಿಸಿ, ಹೊದಿಕೆಯನ್ನು ಕೈಯಿಂದ ಹಿಂದಕ್ಕೆ ನೂಕುತ್ತಾ ಹೋದಾಗ ತಿರುಳು ಹಾವಿನ ಪೊರೆ ಕಳಚಿದಂತೆ ಹೊರಗೆ ಬಂತು. ಹೊದಿಕೆ 75 ಗ್ರಾಮ್, ತಿರುಳು 49 ಗ್ರಾಮ್.

ಇನ್ನೊಂದನ್ನೂ ಮಾಡಿದೆ. ಬಾವಿಯ ನೀರು ತುಂಬಿದ ಬಕೆಟ್ಟಿನಲ್ಲಿ ಮೂರು ತುಂಡುಗಳನ್ನು ಹಾಕಿದೆ. ಮೊದಲು ಮೂರೂ ತೇಲಿದವು. ಎಳೆಗಳ ನಡುವೆ ಗಾಳಿ ಉಳಿದಿರಬಹುದೆಂದು ನೀರೊಳಗೇ ಚೆನ್ನಾಗಿ ಹಿಂಡಿ ಗುಳ್ಳೆಗಳನ್ನು ಬಿಡಿಸಿದ ಮೇಲೆ, ಹೊದಿಕೆ ಮತ್ತು ತೆಳು ದಾರ ತಳಕ್ಕೆ ಇಳಿದವು, 4 ಮಿ.ಮೀ. ಹಗ್ಗ ಮಾತ್ರ ಮೇಲೆಯೇ ಉಳಿಯಿತು.

ಉತ್ತರ: ಶಿರಸಿಯಿಂದ

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ನೈಲಾನಿನ ಸಾಂದ್ರತೆ ಸುಮಾರು 1.14, ಪಾಲಿಎಸ್ಟರಿನದು 1.38, ಹೀಗಾಗಿ ಎರಡೂ ಮುಳುಗುತ್ತವೆ. ಡೈನೀಮಾ 0.97, ಪಾಲಿಪ್ರೊಪಿಲೀನ್ 0.91, ಇವೆರಡೂ ತೇಲುತ್ತವೆ. ತೇಲಿದ್ದು ಈ ಎರಡರಲ್ಲಿ ಯಾವುದು ಎಂದು ಬಕೆಟ್ ಹೇಳಲಾರದು. ಆದರೆ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎರಡಕ್ಕೂ ಇರುವುದು ಒಂದೇ ಉಪಶೀರ್ಷಿಕೆಯಾದ್ದರಿಂದ ಆ ಅನುಮಾನ ನಮಗೆ ತೊಂದರೆ ಕೊಡುವುದಿಲ್ಲ. ನೈಲಾನ್ ಅಲ್ಲ ಎಂಬುದಂತೂ ನಿಶ್ಚಯವಾಯಿತು.

ಈಗ ನಿಮ್ಮ 6 ಮಿ.ಮೀ. ಹಗ್ಗವನ್ನು ನೋಡಿ. ಮಾರುವವರು ಅದನ್ನು ಡೈನೀಮಾ ಹಗ್ಗ ಎಂದೇ ಕರೆಯುತ್ತಾರೆ, ಭಾರ ಹೊರುವುದೂ ಆ ತಿರುಳೇ, ಆದರೂ ತೂಕದಲ್ಲಿ ಪಾಲಿಎಸ್ಟರ್ ಹೆಚ್ಚಾದ್ದರಿಂದ ಅದು 5607 50 90, ಅಂದರೆ ಇತರ ಕೃತಕ ನಾರಿನ ಹಗ್ಗ. ತೆಳು ದಾರವೂ ಅಲ್ಲಿಗೇ. 4 ಮಿ.ಮೀ. ಹಗ್ಗ 5607 49 00. ಎಲಾಸ್ಟಿಕ್ ಹುರಿ 5604 10. ನೈಲಾನ್ ಹಗ್ಗದ ಕೋಡು ನಿಮ್ಮ ಪಟ್ಟಿಯ ಯಾವ ಸರಕಿಗೂ ಸಲ್ಲುವುದಿಲ್ಲ.

ಮನೆಯ ತಕ್ಕಡಿಯ ಲೆಕ್ಕ ನಿಮ್ಮ ತಿಳಿವಳಿಕೆಗೆ ಮಾತ್ರ. ಅಧಿಕಾರಿಗಳ ಮುಂದೆ ಇಡಬೇಕಾದ್ದು ತಯಾರಕರ ತಾಂತ್ರಿಕ ವಿವರಪತ್ರ, ಅದರಲ್ಲಿ ಹೊದಿಕೆ ಮತ್ತು ತಿರುಳಿನ ನಾರು, ತೂಕದ ಪ್ರಮಾಣ ಇರಬೇಕು. ಅದನ್ನು ಜೋಡಿಸಿ ಲಿಖಿತ ಉತ್ತರ ಕೊಡಿ. ಅವರು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದಾದರೆ, ವರದಿ ಬರುವ ತನಕ ಕಾಯದೆ, ಸೀಮಾ ಸುಂಕ ಕಾಯ್ದೆ 1962ರ 18ನೇ ಕಲಮಿನಂತೆ ಸುಂಕದ ತಾತ್ಕಾಲಿಕ ನಿರ್ಧರಣೆ ಕೋರಿ, ಬಾಂಡ್ ಬರೆದುಕೊಟ್ಟು ಸರಕು ಬಿಡಿಸಿಕೊಳ್ಳಿ. ಇದನ್ನು ಕೇಳದೆ ತಿಂಗಳುಗಟ್ಟಲೆ ಡೆಮರೇಜ್ (ಸರಕು ನಿಂತಿದ್ದಕ್ಕೆ ಬಾಡಿಗೆ) ಕಟ್ಟಿದವರನ್ನು ನಾನು ಕಂಡಿದ್ದೇನೆ. ಅವರ ತೀರ್ಮಾನವನ್ನು ನೀವು ಲಿಖಿತವಾಗಿ ಒಪ್ಪದಿದ್ದರೆ, ಮರುನಿರ್ಧರಣೆಯಾದ 15 ದಿನಗಳೊಳಗೆ ಕಾರಣಸಹಿತ ಆದೇಶ ಕೊಡಬೇಕೆಂದು 17(5)ನೇ ಕಲಮು ಹೇಳುತ್ತದೆ. ಆ ಆದೇಶವಿಲ್ಲದೆ ಮೇಲ್ಮನವಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಉತ್ತರ: ಹೊನ್ನಾವರದಿಂದ

ಬಲೆ ರಿಪೇರಿ ಮತ್ತು ಬಲೆಯ ನೂಲಿನ ವ್ಯಾಪಾರ ನಮ್ಮದು. ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಗ್ಗವನ್ನು ರೀಲಿನಲ್ಲಿ ತರಿಸಿದರೆ ಮಾತ್ರ 5607. ಅದನ್ನೇ ಅಳತೆಗೆ ಕತ್ತರಿಸಿ, ತುದಿಯಲ್ಲಿ ಕುಣಿಕೆ ಹೆಣೆದು, ಅಥವಾ ಕೊಕ್ಕೆ, ಬಳೆ ಹಾಕಿ, ದೋಣಿ ಕಟ್ಟುವ ಹಗ್ಗವೆಂದು ಸಿದ್ಧವಾಗಿ ತರಿಸಿದರೆ ಅದು ಹಗ್ಗದಿಂದ ಮಾಡಿದ ವಸ್ತುವಾಗಿ 5609ಕ್ಕೆ ಹೋಗುತ್ತದೆ. ಬಲೆಯಾಗಿ ಬಂದರೆ 5608. ನೈಲಾನ್ ಬಲೆ ನೂಲಿಗೆ 5607 50 10 ಎಂಬ ಬೇರೆ ಸಾಲೇ ಇದೆ. ಉಕ್ಕಿನ ತಂತಿಯ ಹಗ್ಗವಾದರೆ ಜವಳಿಯ ಭಾಗವನ್ನೇ ಬಿಟ್ಟು 7312ಕ್ಕೆ ಹೋಗಬೇಕು. ಒಂದೇ ಪೆಟ್ಟಿಗೆಯಲ್ಲಿ ಇವೆಲ್ಲ ಇದ್ದರೆ ಪ್ರತಿಯೊಂದಕ್ಕೂ ಇನ್‌ವಾಯ್ಸಿನಲ್ಲಿ ಬೇರೆ ಸಾಲು ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು: ಕಾರವಾರದಿಂದ

ಇಬ್ಬರಿಗೂ ಕೃತಜ್ಞತೆಗಳು. ಉತ್ತರ ಸಲ್ಲಿಸಿದ್ದೇನೆ. ಇನ್ನೆರಡು ಸಂಶಯಗಳಿವೆ. ಒಟ್ಟು ಎಷ್ಟು ಹಣ ಬೀಳುತ್ತದೆ ಎಂದು ನಾನೇ ಲೆಕ್ಕ ಹಾಕುವುದು ಹೇಗೆ? ನಾಲ್ಕು ತಿಂಗಳ ಹಿಂದಿನ ಸರಕಿನಲ್ಲಿ ನಾನು ಹೆಚ್ಚು ಕಟ್ಟಿದ್ದರೆ ಹಿಂದಕ್ಕೆ ಪಡೆಯಬಹುದೇ?

ಉತ್ತರ: ಶಿರಸಿಯಿಂದ

ಲೆಕ್ಕದ ತಳಪಾಯ ಸರಕಿನ ಬೆಲೆ ಮಾತ್ರವಲ್ಲ, ಅದಕ್ಕೆ ಸಾಗಣೆ ಮತ್ತು ವಿಮೆ ಸೇರಿದ ಮೌಲ್ಯ. ಸಾಗಣೆ ಖರ್ಚು ಗೊತ್ತಾಗದಿದ್ದರೆ ಹಡಗಿಗೆ ಹತ್ತಿಸುವವರೆಗಿನ ಬೆಲೆಯ 20 ಪ್ರತಿಶತ, ವಿಮೆ ಗೊತ್ತಾಗದಿದ್ದರೆ 1.125 ಪ್ರತಿಶತ ಎಂದು 2007ರ ಮೌಲ್ಯ ನಿರ್ಣಯ ನಿಯಮಗಳು ಹಿಡಿಯುತ್ತವೆ. ಆದ್ದರಿಂದ ಸಾಗಣೆಯ ರಸೀದಿಯನ್ನು ಕಳೆದುಕೊಳ್ಳಬೇಡಿ. ಸಣ್ಣ ಸರಕಿನಲ್ಲಿ 20 ಪ್ರತಿಶತ ನಿಜವಾದ ಖರ್ಚಿಗಿಂತ ಎಷ್ಟೋ ಹೆಚ್ಚಾಗಬಹುದು.

ರೀತಿ ತೋರಿಸಲು ಮಾತ್ರ ಮೂಲ ಸುಂಕ 10 ಪ್ರತಿಶತ, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 5 ಪ್ರತಿಶತ ಎಂದಿಟ್ಟುಕೊಳ್ಳೋಣ. ಮೌಲ್ಯ 1,00,000 ರೂಪಾಯಿ ಇದ್ದರೆ ಮೂಲ ಸುಂಕ 10,000. ಆ ಸುಂಕದ ಮೇಲೆ, ಮೌಲ್ಯದ ಮೇಲಲ್ಲ, 10 ಪ್ರತಿಶತ ಸಮಾಜ ಕಲ್ಯಾಣ ಸರ್‌ಚಾರ್ಜ್ 1,000. ಮೂರೂ ಕೂಡಿದ 1,11,000ದ ಮೇಲೆ ಐಜಿಎಸ್‌ಟಿ 5,550. ಒಟ್ಟು 16,550. ನೀವು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾದರೆ ಆ 5,550ನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯುತ್ತೀರಿ, 11,000 ಮಾತ್ರ ನಿಮ್ಮ ನಿಜವಾದ ಖರ್ಚು. ಕೋಡುಗಳ ನಡುವಿನ ವ್ಯತ್ಯಾಸವನ್ನು ಈ ಖರ್ಚಿನಲ್ಲಿ ನೋಡಬೇಕು. ದರವನ್ನು ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಮತ್ತು ಹಡಗಿಗೆ ಒಳಬರುವ ಅನುಮತಿ ಸಿಕ್ಕ ದಿನ, ಇವೆರಡರಲ್ಲಿ ಯಾವುದು ಆಮೇಲಿನದೋ ಆ ದಿನದ ಪಟ್ಟಿಯಲ್ಲಿ, ಎಂಟು ಅಂಕಿಯ ಕೋಡಿನ ಎದುರಿಗೆ ಓದಿ, ವಿನಾಯಿತಿ ಅಧಿಸೂಚನೆಯನ್ನೂ ಜೊತೆಗೆ ನೋಡಿ.

ಹಿಂದಿನ ಸರಕಿನ ವಿಷಯದಲ್ಲಿ ನೇರವಾಗಿ ರೀಫಂಡ್ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ನಿರ್ಧರಣೆಯನ್ನು ಮೊದಲು ಬದಲಾಯಿಸಿಕೊಳ್ಳದೆ ರೀಫಂಡ್ ಇಲ್ಲ ಎಂದು 2019ರ ಸೆಪ್ಟೆಂಬರಿನಲ್ಲಿ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮೇಲ್ಮನವಿಗೆ 60 ದಿನ, ಸಕಾರಣವಿದ್ದರೆ ಇನ್ನೂ 30 ದಿನ. ನಿಮಗೆ ಎರಡೂ ದಾಟಿವೆ. ಉಳಿದಿರುವ ಒಂದು ದಾರಿ 149ನೇ ಕಲಮಿನಂತೆ ಬಿಲ್ ಆಫ್ ಎಂಟ್ರಿಯ ತಿದ್ದುಪಡಿ. ಅದಕ್ಕೆ ಸರಕು ಬಿಡುಗಡೆಯಾದ ಸಮಯದಲ್ಲಿಯೇ ಅಸ್ತಿತ್ವದಲ್ಲಿದ್ದ ದಾಖಲೆ ಬೇಕು, ಈಗ ಬರೆಸಿಕೊಂಡ ಪತ್ರ ನಡೆಯುವುದಿಲ್ಲ. ತಯಾರಕರ ವಿವರಪತ್ರದ ಮೇಲಿನ ದಿನಾಂಕವನ್ನು ಮೊದಲು ನೋಡಿ. ಹಾಗೆಯೇ, ಆಗ ಕಡಿಮೆ ಕಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ ಕಟ್ಟುವುದೇ ಸರಿಯಾದ ದಾರಿ.

ಪ್ರಶ್ನೆ ಕೇಳಿದವರು: ಕಾರವಾರದಿಂದ

ಸರಕು ಬಂತು. 4 ಮಿ.ಮೀ. ಹಗ್ಗವನ್ನು 5607 49 00 ಎಂದೂ, ಎಲಾಸ್ಟಿಕ್ ಹುರಿಯನ್ನು 5604 10 ಎಂದೂ ವಿವರಪತ್ರ ನೋಡಿದ ಕೂಡಲೇ ಒಪ್ಪಿದರು. 6 ಮಿ.ಮೀ. ಹಗ್ಗ ಮತ್ತು ತೆಳು ದಾರದ ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ, ಅವೆರಡನ್ನೂ ಬಾಂಡ್ ಮೇಲೆ ಬಿಡಿಸಿಕೊಂಡೆ. ಹಿಂದಿನ ಸರಕಿನ ವಿವರಪತ್ರದ ಮೇಲೆ ಅದೃಷ್ಟಕ್ಕೆ ಹೋದ ವರ್ಷದ ದಿನಾಂಕವಿದೆ, ತಿದ್ದುಪಡಿ ಅರ್ಜಿ ಬರೆಯುತ್ತಿದ್ದೇನೆ. ಮುಂದಿನ ಆರ್ಡರಿಗೆ ಮಾರಾಟಗಾರರಿಂದ ಏನು ಬರೆಸಿಕೊಳ್ಳಲಿ?

ಉತ್ತರ: ಶಿರಸಿಯಿಂದ

ಪ್ರತಿ ಸಾಲಿನಲ್ಲಿ ಹೀಗೆ ಬರೆಸಿ: ‘ಬಿಗಿಯಾಗಿ ಹೆಣೆದ ಹಗ್ಗ, 6 ಮಿ.ಮೀ., ಹೊದಿಕೆ ಪಾಲಿಎಸ್ಟರ್ ತೂಕದಲ್ಲಿ ಇಷ್ಟು ಪ್ರತಿಶತ, ತಿರುಳು ಪಾಲಿಎಥಿಲೀನ್ ಇಷ್ಟು ಪ್ರತಿಶತ, ಮೀಟರಿಗೆ ಇಷ್ಟು ಗ್ರಾಮ್, ರೀಲಿನಲ್ಲಿ, ತುದಿಗೆ ಕೆಲಸ ಮಾಡಿಲ್ಲ’. ವ್ಯಾಪಾರ ಒಪ್ಪಂದದ ರಿಯಾಯಿತಿ ಸಿಗುವ ದೇಶದಿಂದ ತರಿಸುವುದಾದರೆ, ಮೂಲ ದೇಶದ ಪ್ರಮಾಣಪತ್ರದಲ್ಲಿಯೂ ಇದೇ ಕೋಡು ಇದೆಯೇ ಎಂದು ಹಡಗು ಹೊರಡುವ ಮುಂಚೆಯೇ ಪ್ರತಿ ತರಿಸಿಕೊಂಡು ನೋಡಿ. ದೊಡ್ಡ ಪ್ರಮಾಣದಲ್ಲಿ ತರಿಸುವ ಯೋಚನೆಯಿದ್ದರೆ ಯಾವ ಕೋಡು ಎಂದು ಮೊದಲೇ ತೀರ್ಮಾನಿಸಿಕೊಡುವ ಮುಂಬೈಯ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕುವ ಅವಕಾಶವೂ ಇದೆ. ಪ್ರಯೋಗಾಲಯದ ವರದಿ ಬಂದಾಗ ಅದರಲ್ಲಿ ಹೊದಿಕೆ ಮತ್ತು ತಿರುಳನ್ನು ಬೇರೆ ಬೇರೆ ತೂಗಿದ್ದಾರೆಯೇ ಎಂದು ನೋಡಿಕೊಂಡು ಇಲ್ಲಿಯೇ ತಿಳಿಸಿ.