ಅಂಡಮಾನ್‌ಗೆ ಆರು ರಾತ್ರಿ: ಏಜೆಂಟ್ ಕೊಟ್ಟ ಪ್ಲ್ಯಾನ್ ಹೇಗಿದೆ? ಹೋಗಿಬಂದವರು ಹೇಳಿ

ಗುಬ್ಬಿಯಿಂದ ಪ್ರಶ್ನೆ: ಜನವರಿ ಕೊನೇ ವಾರ ಹೊರಟಿದ್ದೀವಿ. ಆರು ಜನ: ನಾವಿಬ್ಬರು, 7 ಮತ್ತು 11 ವರ್ಷದ ಮಕ್ಕಳು, ಅತ್ತೆ, ಮಾವ. ಮಾವನವರಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಏಜೆಂಟ್ ಬರೆದುಕೊಟ್ಟಿದ್ದು ಇಷ್ಟು: ಮೊದಲ ದಿನ ಸೆಲ್ಯುಲಾರ್ ಜೈಲು, 2ನೇ ದಿನ ಬಾರಾಟಾಂಗ್ ದ್ವೀಪ, 3-4 ಹ್ಯಾವ್‌ಲಾಕ್ ದ್ವೀಪ, 5-6 ನೀಲ್ ದ್ವೀಪ, 7ನೇ ದಿನ ಬೆಳಗ್ಗೆ ನೀಲ್‌ನಿಂದ ಫೆರಿ ಹತ್ತಿ ಪೋರ್ಟ್ ಬ್ಲೇರ್, ಮಧ್ಯಾಹ್ನ 1.40ಕ್ಕೆ ಬೆಂಗಳೂರು ವಿಮಾನ. ಏನು ಬದಲಾಯಿಸಬೇಕು?

ಶಿರಾ: ಮೊದಲು ಆ 7ನೇ ದಿನ ಬದಲಾಯಿಸಿ ಮೇಡಂ. ಫೆರಿ ಇಳಿದ ದಿನವೇ ವಿಮಾನ ಇಟ್ಟುಕೊಳ್ಳಬಾರದು. ಜನವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ, ಆದರೂ ಗಾಳಿ ಎದ್ದರೆ ಬಂದರಿನವರು ಫೆರಿ ನಿಲ್ಲಿಸುತ್ತಾರೆ. ಒಂದು ರದ್ದಾದರೆ ಅದರ ಜನವೆಲ್ಲ ಮುಂದಿನದಕ್ಕೆ ಮುಗಿಬೀಳ್ತಾರೆ, ಆರು ಸೀಟು ಒಟ್ಟಿಗೆ ಸಿಗಲ್ಲ. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಿ.

ಬುಕ್ಕಿಂಗ್ ಕ್ರಮ: ವಿಮಾನ, ಆಮೇಲೆ ಫೆರಿ, ಕೊನೆಗೆ ಹೋಟೆಲು. ಬಹಳ ಜನ ಹೋಟೆಲ್ ಮೊದಲು ಮಾಡಿ ಸಿಕ್ಕಿಹಾಕಿಕೊಳ್ತಾರೆ. ಮಕ್ರುಜ್, ನಾಟಿಕಾ, ಗ್ರೀನ್ ಓಷನ್ ಖಾಸಗಿಯವು, ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡೂವರೆ ಗಂಟೆ. ಸರ್ಕಾರಿ ಫೆರಿ ಅಗ್ಗ, ಆದರೆ ನಿಧಾನ, ಟಿಕೆಟ್ ಸಿಗೋದು ಕಷ್ಟ. ಟಿಕೆಟ್‌ನಲ್ಲಿರೋ ಹೆಸರು ಗುರುತಿನ ಚೀಟಿಯಲ್ಲಿ ಇರೋ ಹಾಗೇ ಇರಲಿ, ಮಕ್ಕಳ ಆಧಾರ್ ಕೂಡ ಅಸಲಿಯೇ ತನ್ನಿ. ಹೊರಡೋ ಒಂದು ಗಂಟೆ ಮೊದಲೇ ಜೆಟ್ಟಿಯಲ್ಲಿರಿ, ಲಗೇಜು ಸ್ಕ್ಯಾನ್ ಆಗಬೇಕು. ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಡೋ ಜೆಟ್ಟಿ ಬೇರೆ, ಫೀನಿಕ್ಸ್ ಬೇ ಜೆಟ್ಟಿ ಬೇರೆ. ಆಟೋದವರಿಗೆ ಟಿಕೆಟ್ ತೋರಿಸಿಯೇ ಹತ್ತಿ.

ಹೆಸರುಗಳ ಗೊಂದಲವೂ ಇದೆ. 2018ರಿಂದ ಹ್ಯಾವ್‌ಲಾಕ್ ಅಂದರೆ ಸ್ವರಾಜ್ ದ್ವೀಪ, ನೀಲ್ ಅಂದರೆ ಶಹೀದ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್ ಅಂದರೆ ಶ್ರೀ ವಿಜಯ ಪುರಂ. ಟಿಕೆಟ್‌ನಲ್ಲಿ ಯಾವುದಿದ್ದರೂ ಗಾಬರಿ ಬೇಡ.

ಚಿಂತಾಮಣಿ: ಬಾರಾಟಾಂಗ್ ಕೈಬಿಡಿ ಅಕ್ಕಾ. ಜಾಗ ಚೆನ್ನಾಗಿಲ್ಲ ಅಂತಲ್ಲ, ನಿಮ್ಮ ಮನೆಯವರಿಗೆ ಒಗ್ಗಲ್ಲ. ರಸ್ತೆ ಜರಾವಾ ಬುಡಕಟ್ಟಿನವರ ಮೀಸಲು ಕಾಡಿನ ನಡುವೆ ಹೋಗುತ್ತೆ. ಅಲ್ಲಿ ವಾಹನಗಳನ್ನ ಸಾಲಾಗಿ, ಕಾವಲಿನ ಜೊತೆ, ನಿಗದಿತ ಹೊತ್ತಿಗೆ ಮಾತ್ರ ಬಿಡ್ತಾರೆ. ಬೆಳಗಿನ ಮೊದಲ ಸಾಲು ಹಿಡಿಯೋಕೆ ರಾತ್ರಿ ಮೂರೂವರೆ ನಾಲ್ಕಕ್ಕೇ ಹೋಟೆಲ್ ಬಿಡಬೇಕು. ಆಮೇಲೆ ವಾಹನ ದಾಟಿಸೋ ದೋಣಿ, ಅದಾದ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಸ್ಪೀಡ್ ಬೋಟು, ಇಳಿದು ಸುಣ್ಣಕಲ್ಲಿನ ಗುಹೆವರೆಗೆ ಏರಿಳಿತದ ಕಾಲುದಾರಿ. ವಾಪಸ್ ಬರೋಕೂ ಸಾಲಿಗೆ ಕಾಯಬೇಕು. ಶೌಚಾಲಯ ಅಲ್ಲೊಂದು ಇಲ್ಲೊಂದು. ಮಂಡಿನೋವಿನವರಿಗೆ ಶಿಕ್ಷೆ.

ಹೋಗಲೇಬೇಕು ಅಂತಿದ್ದರೆ ನೆನಪಿಡಿ: ಜರಾವಾ ಜನರ ಫೋಟೋ ತೆಗೆಯೋದು, ಗಾಡಿ ನಿಲ್ಲಿಸೋದು, ಬಿಸ್ಕತ್ತು ಕೊಡೋದು ಎಲ್ಲ ಅಪರಾಧ, ಜೈಲಾಗುತ್ತೆ. ಮಕ್ಕಳ ಕೈಯಿಂದ ಮೊಬೈಲ್ ತೆಗೆದಿಡಿ.

ನನ್ನ ಲೆಕ್ಕದಲ್ಲಿ 1 ರಾತ್ರಿ ಪೋರ್ಟ್ ಬ್ಲೇರ್, 3 ಹ್ಯಾವ್‌ಲಾಕ್, 1 ನೀಲ್, ಕೊನೆಗೆ 1 ಪೋರ್ಟ್ ಬ್ಲೇರ್.

ಕೋಲಾರ: ಏಜೆಂಟರು ಹೇಳದ ವಿಷಯ ಒಂದಿದೆ. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಮುಂದೆ. ತುಮಕೂರು 77ನೇ ರೇಖಾಂಶದಲ್ಲಿದ್ದರೆ ಪೋರ್ಟ್ ಬ್ಲೇರ್ ಹತ್ತಿರ ಹತ್ತಿರ 93ರಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷ ಅಂದರೆ ಸರಿಸುಮಾರು ಒಂದು ಗಂಟೆ ವ್ಯತ್ಯಾಸ. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು ಕವಿಯೋಕೆ ಶುರು. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಸೂರ್ಯಾಸ್ತ ನೋಡೋಕೆ ನಾಲ್ಕಕ್ಕೇ ಅಲ್ಲಿರಬೇಕು. "ಊಟ ಮಾಡಿ ಸ್ವಲ್ಪ ಮಲಗಿ ಎದ್ದು ಹೋಗೋಣ" ಅಂದರೆ ಕೆಟ್ಟಿರಿ. ಬೆಳಗ್ಗೆ ಆರಕ್ಕೆ ಬೀಚಿನಲ್ಲಿ, ಸಂಜೆ ಏಳೂವರೆಗೆ ಊಟ: ಇದು ಅಲ್ಲಿನ ಲಯ.

ಭಾಷೆಗೆ ಹಿಂದಿ ಸಾಕು. ತಮಿಳು, ತೆಲುಗು, ಬಂಗಾಳಿ ಮಾತಾಡೋರೂ ಬಹಳ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಮನೆ ಭಾಷೆಯೇ ನಡೆಯುತ್ತೆ ಬಿಡಿ.

ತಿಪಟೂರು: ಊಟಕ್ಕೆ ಭಯ ಬೇಡ. ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ, ದೋಸೆ, ಅನ್ನ ಸಾಂಬಾರ್ ಆರಾಮಾಗಿ ಸಿಗುತ್ತೆ. ಹ್ಯಾವ್‌ಲಾಕ್, ನೀಲ್‌ನಲ್ಲಿ ಮೀನಿನದೇ ಕಾರುಬಾರು, ಸಸ್ಯಾಹಾರಿ ಥಾಲಿ ಕೇಳಿದರೆ ಕೊಡ್ತಾರೆ. ಹಿರಿಯರಿಗೆ ಒಗ್ಗರಣೆ ಹಾಕಿದ ಗಟ್ಟಿ ಅವಲಕ್ಕಿ, ಹುರಿಹಿಟ್ಟು ಒಯ್ಯಿರಿ, ಬಿಸಿನೀರು ಸಿಕ್ಕರೆ ಸಾಕು.

ನಮ್ಮ ಊರಿನ ಮಾಲಿನ ಬಗ್ಗೆಯೇ ಒಂದು ಎಚ್ಚರಿಕೆ: ಕೊಬ್ಬರಿ ಗಿಟುಕು ವಿಮಾನಕ್ಕೆ ಬಿಡಲ್ಲ. ಎಣ್ಣೆ ಅಂಶದಿಂದ ಬೆಂಕಿ ಹತ್ತೋ ವಸ್ತು ಅಂತ ತೆಗೆದು ಇಟ್ಟುಕೊಳ್ತಾರೆ. ಉಪ್ಪಿನಕಾಯಿ, ಚಟ್ನಿಪುಡಿ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು.

ಮಧುಗಿರಿ: ಫೆರಿಯಲ್ಲಿ ತಲೆ ಸುತ್ತಿದರೆ ಅವೊಮಿನ್ ಮಾತ್ರೆ ಇಟ್ಟುಕೊಳ್ಳಿ, ವಾಂತಿ ಬಂದಂಗಾದ ತಕ್ಷಣ ಒಂದು ನುಂಗಿದರಾಯ್ತು.

ಗೌರಿಬಿದನೂರು: ಮಧುಗಿರಿಯವರೇ, ಅಷ್ಟೊತ್ತಿಗೆ ತಡವಾಗಿರುತ್ತೆ. ಹೊರಡೋಕೆ ಒಂದೆರಡು ಗಂಟೆ ಮೊದಲೇ ತಗೋಬೇಕು. ವಾಕರಿಕೆ ಶುರುವಾದ ಮೇಲೆ ಹೊಟ್ಟೆಯಲ್ಲಿ ಮಾತ್ರೆ ನಿಲ್ಲಲ್ಲ. ನಿದ್ದೆ ಬರಿಸುತ್ತೆ, ಬಾಯಿ ಒಣಗುತ್ತೆ. ಪ್ರಾಸ್ಟೇಟ್ ಅಥವಾ ಕಣ್ಣಿನ ಗ್ಲಾಕೋಮಾ ಇರೋ ಹಿರಿಯರು ಡಾಕ್ಟರನ್ನ ಕೇಳಿಯೇ ತಗೋಬೇಕು, ಮಕ್ಕಳ ಪ್ರಮಾಣವೂ ಅವರೇ ಹೇಳಲಿ. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ. ಎರಡು ಇಡ್ಲಿ ಸಾಕು. ಸೀಟು ಕೆಳಗಿನ ಅಂತಸ್ತಿನಲ್ಲಿ ಮಧ್ಯಕ್ಕೋ ಹಿಂದಕ್ಕೋ ಇರಲಿ, ಮುಂದಿನ ಸಾಲು ಜಾಸ್ತಿ ಎತ್ತಿ ಹಾಕುತ್ತೆ. ಮೊಬೈಲ್ ಬಿಟ್ಟು ದೂರದ ದಿಗಂತ ನೋಡಿ.

ನೀರಿಗಿಳಿಯೋ ವಿಚಾರ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತ ನೀರೊಳಗೆ ನೋಡೋದು), ಜೆಟ್ಟಿಯಿಂದ ಬೋಟಿನಲ್ಲಿ ಹೋಗಬಹುದು. ಅವರು ಕೊಡೋ ಮಾಸ್ಕ್ ಹಾಗೇ ಹಾಕ್ಕೋಬೇಡಿ. ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಅಳತೆ. ರಬ್ಬರ್ ಅಂಚಿನ ಕೆಳಗೆ ಒಂದೆಳೆ ಕೂದಲು ಸಿಕ್ಕಿದರೂ ನೀರು ನುಗ್ಗುತ್ತೆ. ಹುಡುಗಿಯರು ಮುಂಗುರುಳನ್ನೆಲ್ಲ ಹಿಂದಕ್ಕೆ ಬಾಚಿ, ದಪ್ಪ ಮೀಸೆಯವರು ಸ್ವಲ್ಪ ಸೋರೋದನ್ನ ಸಹಿಸಿ. ಮಂಜು ಕಟ್ಟದಿರಲು ಮಕ್ಕಳ ಶಾಂಪೂ ಒಂದು ಹನಿ ಒಳಗಾಜಿಗೆ ಸವರಿ ತೊಳೆದರೆ ಸಾಕು. 7 ವರ್ಷದವರಿಗೆ ದೊಡ್ಡವರ ಮಾಸ್ಕ್ ಕೂರಲ್ಲ, ಚಿಕ್ಕದನ್ನ ಇಲ್ಲಿಂದಲೇ ಒಯ್ಯಿರಿ.

ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗೋದು) 10 ವರ್ಷ ಆದವರಿಗೆ, ಈಜು ಬರದಿದ್ದರೂ ಮಾರ್ಗದರ್ಶಕರ ಜೊತೆ ನಡೆಯುತ್ತೆ. ನೆಗಡಿ, ಕಿವಿ ಕಟ್ಟಿದ್ದರೆ ಬೇಡ. ಅಸ್ತಮಾ, ಹೃದಯದ ತೊಂದರೆ ಇದ್ದರೆ ಡಾಕ್ಟರ್ ಒಪ್ಪಿಗೆ ಬೇಕು. ಮುಳುಗೆದ್ದ ಮೇಲೆ ವಿಮಾನ ಹತ್ತೋಕೆ 18 ಗಂಟೆಯಾದರೂ ಬಿಡುವಿರಲಿ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲೆ ಒತ್ತಡ ಕಮ್ಮಿಯಾದಾಗ ಗುಳ್ಳೆ ಕಟ್ಟುತ್ತೆ, ಸೋಡಾ ಬಾಟ್ಲಿ ಮುಚ್ಚಳ ತೆಗೆದಂಗೆ.

ಮೊಸಳೆ ಬೋರ್ಡು ಇರೋ ಕಡೆ ಕಾಲೂ ಅದ್ದಬೇಡಿ. ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇದೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಪ್ರವಾಸಿಯೊಬ್ಬರು ಸತ್ತಿದ್ದಾರೆ.

ಶಿರಾ: ನೀಲ್‌ನ ಕಲ್ಲಿನ ಕಮಾನು, ಅದೇ ನ್ಯಾಚುರಲ್ ಬ್ರಿಡ್ಜ್, ನೀರು ಇಳಿದಾಗ ಮಾತ್ರ ಸರಿಯಾಗಿ ನೋಡೋಕಾಗೋದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹೋಟೆಲಿನವರನ್ನ ಹಿಂದಿನ ರಾತ್ರಿಯೇ ಕೇಳಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಳಿತ ಜಾಸ್ತಿ, ಕ್ಯಾಲೆಂಡರ್ ನೋಡಿಕೊಳ್ಳಿ. ದಾರಿಯೆಲ್ಲ ಪಾಚಿ ಕಟ್ಟಿದ ಚೂಪು ಬಂಡೆ, ಮಾವನವರು ಮೆಟ್ಟಿಲ ಬಳಿಯೇ ಎಳನೀರು ಕುಡಿಯುತ್ತ ಕೂರಲಿ. ಅವರಿಗೆ ಭರತ್‌ಪುರ ಬೀಚಿನ ಗಾಜಿನ ತಳದ ದೋಣಿ ಸರಿಹೋಗುತ್ತೆ.

ಗುಬ್ಬಿ: ಎಲ್ಲರಿಗೂ ಧನ್ಯವಾದ. ಇನ್ನೆರಡು: ಮೊಬೈಲ್ ನಡೆಯುತ್ತಾ? ಏರ್‌ಪೋರ್ಟಿಗೆ ಹೆಬ್ಬಾಳದ ಮೇಲೆ ಹೋಗಬೇಕಾ?

ಕೋಲಾರ: 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ತೊಂದರೆಯಿಲ್ಲ. ಹ್ಯಾವ್‌ಲಾಕ್, ನೀಲ್‌ನಲ್ಲಿ ಆಗಾಗ ಕೈಕೊಡುತ್ತೆ, ಯುಪಿಐ ನಂಬಿ ಕೂರಬೇಡಿ. ದುಡ್ಡು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ, ಟಿಕೆಟ್‌ಗಳ ಪ್ರಿಂಟ್ ಇಟ್ಟುಕೊಳ್ಳಿ.

ತಿಪಟೂರು: ಹೆಬ್ಬಾಳ ಬೇಡ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಟರ್ಮಿನಲ್ 1ಓ 2ಓ ಟಿಕೆಟ್‌ನಲ್ಲಿ ನೋಡಿಕೊಳ್ಳಿ.

ಚಿಂತಾಮಣಿ: ಇನ್ನೊಂದು ಮರೆತಿದ್ದೆ. ಮಕ್ಕಳು ಬೀಚಿನಲ್ಲಿ ಆರಿಸೋ ಹವಳದ ಚೂರು, ಚಿಪ್ಪು ಅಲ್ಲೇ ಬಿಟ್ಟು ಬರಲಿ. ಸತ್ತ ಹವಳವಾದರೂ ವನ್ಯಜೀವಿ ಕಾಯ್ದೆಗೆ ಬರುತ್ತೆ, ವಾಪಸ್ ಬರುವಾಗ ಸ್ಕ್ಯಾನರ್‌ನಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸ್ತಾರೆ. ಹೊರಡೋ ಹಿಂದಿನ ರಾತ್ರಿ ಮಕ್ಕಳ ಚಡ್ಡಿ ಜೇಬು ಒಂದು ಸಲ ಕೊಡವಿ.