ಕೈಟ್ ಲೈನ್ ತುಂಡಾದರೆ ಮನೆಯಲ್ಲೇ ಜೋಡಿಸಬಹುದಾ?

ಪ್ರಶ್ನೆ (ಶಿಡ್ಲಘಟ್ಟದಿಂದ): ಸರ್, ರಾಮೇಶ್ವರದ ಹತ್ತಿರ ಮಂಡಪಂನಲ್ಲಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆ ಮೇಲೆ ನಿಂತು ನೀರಲ್ಲಿ ಜಾರುವ ಆಟ) ಮಾಡುವಾಗ, ಕೈಟ್ ಹಿಡಿದಿರುವ ನಾಲ್ಕು ಲೈನ್ ಅಂದರೆ ದಾರಗಳಲ್ಲಿ ಹಿಂದಿನ ಎಡ ಲೈನ್ ಬಂಡೆಗೆ ಉಜ್ಜಿ ತುಂಡಾಯಿತು. ಒಟ್ಟು 24 ಮೀಟರ್ ಲೈನ್. ಕೈಟ್ ಕಡೆಯ ತುದಿಯಿಂದ ಸುಮಾರು 3 ಮೀಟರ್ ದೂರದಲ್ಲಿ ಕಡಿದಿದೆ. ನಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ಎಳೆ ಕಡಿದರೆ ಗಂಟು ಹಾಕಿ ಮುಂದೆ ಹೋಗುತ್ತೇವೆ. ಇದಕ್ಕೂ ಒಂದು ಗಟ್ಟಿ ಗಂಟು ಹಾಕಿದರೆ ಆಗಲ್ವಾ?

ಉತ್ತರ: ಆಗಲ್ಲ. ರೇಷ್ಮೆ ಎಳೆ ಮನುಷ್ಯನ ಭಾರ ಹೊರಬೇಕಿಲ್ಲ, ಇದು ಹೊರಬೇಕು. ಕೈಟ್ ಲೈನ್ ಡೈನೀಮಾ ಅನ್ನುವ ನಾರಿನದ್ದು. ಎಳೆದರೆ ಉಕ್ಕಿಗೆ ಸಮ, ಆದರೆ ವಿಪರೀತ ಜಾರುತ್ತದೆ. ಗಂಟು ಹಾಕಿದ ಜಾಗದಲ್ಲಿ ಬಲ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಕೆಲವು ಗಂಟುಗಳು ಸುಮ್ನೆ ಜಾರಿ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಜೋಡಣೆಗೆ ಒಂದೇ ದಾರಿ, ಸ್ಪ್ಲೈಸ್.

ಲೈನನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ನೋಡಿ. ಜಡೆ ಹೆಣೆದ ಹಾಗಿದ್ದು ಒಳಗೆ ಪೊಳ್ಳಾಗಿರುತ್ತದೆ. ಒಂದು ತುಂಡಿನ ಬಾಲವನ್ನು ಇನ್ನೊಂದರ ಹೊಟ್ಟೆಯೊಳಗೆ ತೂರಿಸುವುದೇ ಸ್ಪ್ಲೈಸ್. ಎಳೆದಷ್ಟೂ ಹೊರಗಿನ ಜಡೆ ಬಿಗಿದು ಒಳಗಿನದನ್ನು ಹಿಡಿದುಕೊಳ್ಳುತ್ತದೆ. ಲಂಗಕ್ಕೆ ಲಾಡಿ ಪೋಣಿಸುವುದನ್ನು ನೋಡಿದ್ದೀರಲ್ಲ? ಬಟ್ಟೆಯನ್ನು ನೆರಿಗೆ ಮಾಡಿ ಪಿನ್ನು ಮುಂದೆ ತಳ್ಳಿ, ಆಮೇಲೆ ನೆರಿಗೆ ಸವರಿ ಬಿಡಿಸುವುದು. ಥೇಟ್ ಅದೇ. ಪಿನ್ನಿನ ಬದಲು ಗಿಟಾರಿನ ಅತಿ ಸಣ್ಣ ತಂತಿಯನ್ನು ಎರಡಾಗಿ ಮಡಚಿಕೊಳ್ಳಿ. ತಂತಿಯನ್ನು ಹೊಟ್ಟೆಯೊಳಗೆ ತೂರಿಸಿ, ಆಚೆ ಬಂದ ಮಡಿಕೆಗೆ ಬಾಲ ಸಿಕ್ಕಿಸಿ ವಾಪಸ್ ಎಳೆಯಿರಿ.

ಬಾಲ ಎಷ್ಟುದ್ದ ಒಳಗಿರಬೇಕು? ಲೈನಿನ ದಪ್ಪದ 72 ಪಟ್ಟು ಅನ್ನುವುದು ಡೈನೀಮಾಕ್ಕೆ ರೂಢಿಯಲ್ಲಿರುವ ಲೆಕ್ಕ. 2 ಮಿ.ಮೀ. ಲೈನಿಗೆ ಸುಮಾರು 15 ಸೆಂ.ಮೀ. ಆಯಿತು. ನಾನು 20 ಇಡುತ್ತೇನೆ, ಕಂಜೂಸಿತನ ಮಾಡಲ್ಲ. ಬಾಲದ ಕೊನೆಯ 5 ಸೆಂ.ಮೀ.ನಲ್ಲಿ ಎರಡೆರಡೇ ಎಳೆ ಕತ್ತರಿಸುತ್ತಾ ಇಲಿಬಾಲದ ಹಾಗೆ ಸಣ್ಣಗೆ ಮಾಡಿ. ಮೊಂಡಾಗಿ ನಿಂತರೆ ಅದು ಮುಗಿಯುವ ಜಾಗದಲ್ಲೇ ಲೈನ್ ಮತ್ತೆ ಕಡಿಯುತ್ತದೆ.

ಇಲ್ಲಿವರೆಗೆ ಸುಲಭ. ಹೆಚ್ಚಿನವರು ಎಡವುವುದು ಉದ್ದದಲ್ಲಿ. ಎರಡೂ ತುಂಡಿನ ಬಾಲ ಒಂದು ಇನ್ನೊಂದರ ಹೊಟ್ಟೆಯೊಳಗೆ 20 ಸೆಂ.ಮೀ. ಹೋದರೆ ಲೈನ್ 40 ಸೆಂ.ಮೀ. ಗಿಡ್ಡ. ಬಾಲ ನುಂಗಿದ ಜಡೆ ದಪ್ಪವಾಗಿ ಇನ್ನೊಂದಿಷ್ಟು ಗಿಡ್ಡ. ಹಾಗಾಗಿ ಕಡಿದ ಎರಡು ತುಂಡನ್ನೇ ಜೋಡಿಸಲು ಹೋಗಬೇಡಿ. ಆ 3 ಮೀಟರ್ ತುಂಡನ್ನು ಎಸೆಯಿರಿ. ಅದೇ ದಪ್ಪದ, ಅದೇ ಬಲದ ಹೊಸ ಲೈನ್ 4 ಮೀಟರ್ ತನ್ನಿ. ಮೊದಲು ಹಳೆಯ ಲೈನಿಗೆ ಹೊಸದನ್ನು ಸೇರಿಸುವ ಮಧ್ಯದ ಸ್ಪ್ಲೈಸ್ ಮಾಡಿ. ಒಂದು ತುದಿ ಮರಕ್ಕೆ ಕಟ್ಟಿ ಮೈಭಾರ ಹಾಕಿ ನಾಲ್ಕೈದು ಸಲ ಎಳೆಯಿರಿ. ಕುಗ್ಗುವುದು, ಜಗ್ಗುವುದು ಎಲ್ಲಾ ಮುಗಿಯಲಿ. ಆಮೇಲೆ ಬಲಗಡೆಯ ಲೈನಿನ ಪಕ್ಕ ಇಟ್ಟು ಅಳೆದು, ಕೈಟ್‌ಗೆ ಸಿಕ್ಕಿಸುವ ತುದಿಯ ಕುಣಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ. ಮೊದಲೇ ಕುಣಿಕೆ ಮಾಡಿದರೆ ಅಳತೆ ತಪ್ಪುವುದು ಗ್ಯಾರಂಟಿ. ನಾನೂ ಶುರುವಿನಲ್ಲಿ ಎರಡು ಲೈನ್ ಹಾಗೇ ಹಾಳು ಮಾಡಿದ್ದೇನೆ.

ಕೊನೆಗೆ ಸ್ಪ್ಲೈಸಿನ ಮೇಲೆ ಗಟ್ಟಿ ಪಾಲಿಯೆಸ್ಟರ್ ದಾರದಲ್ಲಿ ಎಂಟು ಹತ್ತು ಹೊಲಿಗೆ ಹಾಕಿ. ಬಿಗಿಯಾಗಿ ಎಳೆದಿರುವಾಗ ಸ್ಪ್ಲೈಸ್ ಬಿಚ್ಚುವುದಿಲ್ಲ. ದಡದಲ್ಲಿ ಲೈನ್ ಸಡಿಲವಾಗಿ ಬಿದ್ದಿರುವಾಗ ಬಾಲ ಮೆಲ್ಲಗೆ ಈಚೆ ಜಾರುತ್ತದೆ. ಹೊಲಿಗೆ ಬೇಕಾಗುವುದು ಅದಕ್ಕೆ.

ಪ್ರಶ್ನೆ (ಚಿಂತಾಮಣಿಯಿಂದ): ನೈಲಾನ್ ಹಗ್ಗದ ತುದಿ ಸುಟ್ಟು ಮುಚ್ಚುವ ಹಾಗೆ ಇದಕ್ಕೂ ಲೈಟರ್ ಹಿಡಿಯಬಹುದಾ?

ಉತ್ತರ: ಬೇಡ. ಡೈನೀಮಾ 150 ಡಿಗ್ರಿ ಆಸುಪಾಸಿನಲ್ಲೇ ಕರಗಿ ಗಟ್ಟಿ ಮಣಿಯಾಗುತ್ತದೆ, ಆ ಮಣಿ ಹೊಟ್ಟೆಯೊಳಗೆ ತೂರುವುದೇ ಇಲ್ಲ. ತುದಿಗೆ ಟೇಪ್ ಸುತ್ತಿ ಹೊಸ ಬ್ಲೇಡಿನಿಂದ ಹಲಗೆ ಮೇಲೆ ಕತ್ತರಿಸಿ. ಕುಣಿಕೆಯ ಮೇಲೆ ಹಾಕುವ ಪಾಲಿಯೆಸ್ಟರ್ ಕವಚದ ತುದಿಗೆ ಬೇಕಾದರೆ ಲೈಟರ್ ತೋರಿಸಿ, ಅಷ್ಟೇ.

ಪ್ರಶ್ನೆ (ಗೌರಿಬಿದನೂರಿನಿಂದ): ನನ್ನದು ಮುಂದಿನ ಲೈನ್. ಕಡಿದಿಲ್ಲ, ಆದರೆ ಬಾರ್ (ಕೈಯಲ್ಲಿ ಹಿಡಿಯುವ ಕೋಲು) ಹತ್ತಿರ ಒಂದಡಿ ಉದ್ದ ನಾರು ಎದ್ದಿದೆ. ಅಲ್ಲಿ ಕತ್ತರಿಸಿ ಸ್ಪ್ಲೈಸ್ ಮಾಡಲಾ?

ಉತ್ತರ: ಇದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಎಳೆತದ ಹೆಚ್ಚು ಪಾಲು ಮುಂದಿನ ಲೈನ್‌ಗಳದ್ದೇ. ಜೊತೆಗೆ ಈಗಿನ ಬಹುತೇಕ ಬಾರ್‌ಗಳಲ್ಲಿ ಸೇಫ್ಟಿ ಒಂದು ಮುಂದಿನ ಲೈನಿಗೇ ಕಟ್ಟಿರುತ್ತದೆ. ಅಪಾಯದಲ್ಲಿ ನೀವು ಬಿಡುಗಡೆ ಒತ್ತಿದರೆ ಬಾರ್ ಆ ಲೈನಿನ ಮೇಲೆ ಮೇಲಕ್ಕೆ ಜಾರಬೇಕು. ಆಗ ಕೈಟ್ ಒಂದೇ ಲೈನಿನಲ್ಲಿ ಬಾವುಟದ ಹಾಗೆ ಸುಮ್ಮನಾಗುತ್ತದೆ. ಅಲ್ಲೇ ಸ್ಪ್ಲೈಸಿನ ಉಬ್ಬು, ಹೊಲಿಗೆ ಇದ್ದರೆ ಬಾರ್ ಸಿಕ್ಕಿಕೊಳ್ಳಬಹುದು. ಆಗ ಕೈಟ್ ನಿಮ್ಮನ್ನು ಎಳೆಯುತ್ತಲೇ ಇರುತ್ತದೆ. ಮುಂದಿನ ಎರಡೂ ಲೈನ್ ಜೋಡಿಯಾಗಿ ಹೊಸದು ಹಾಕಿಸಿ. ಒಂದನ್ನೇ ಬದಲಿಸಿದರೆ ಹಳೆಯದು, ಹೊಸದು ಒಂದೇ ಸಮ ಜಗ್ಗುವುದಿಲ್ಲ.

ಪ್ರಶ್ನೆ (ಚಿಂತಾಮಣಿಯಿಂದ ಮತ್ತೆ): ಆಷಾಢದ ಗಾಳಿಪಟಕ್ಕೆ ಬಳಸುವ ದಾರದಿಂದ ತಾತ್ಕಾಲಿಕವಾಗಿ...

ಉತ್ತರ: ಖಂಡಿತ ಬೇಡ ಮಾರಾಯ್ರೇ. ನೈಲಾನ್ ಜಗ್ಗುತ್ತದೆ. ಗಾಜು ಹಚ್ಚಿದ ಮಾಂಜಾ ಪಕ್ಕದ ಲೈನನ್ನೇ ಕೊಯ್ಯುತ್ತದೆ. ಸಿಂಥೆಟಿಕ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ, ಅದು ಬೇರೆ.

ಪ್ರಶ್ನೆ (ಶಿಡ್ಲಘಟ್ಟದಿಂದ, ನಾಲ್ಕು ದಿನದ ಮೇಲೆ): ಸರ್, ಮಾಡಿದೆ. ತಂತಿ ತೂರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಕುಣಿಕೆಯನ್ನು ಅಮ್ಮ ಎರಡೇ ನಿಮಿಷದಲ್ಲಿ ಮುಗಿಸಿದರು! ಒಣಗಿದ ಕೆರೆ ಅಂಗಳದಲ್ಲಿ ನಾಲ್ಕೂ ಲೈನ್ ಹರಡಿ, ಒಂದೇ ಮೊಳೆಗೆ ಸಿಕ್ಕಿಸಿ ಎಳೆದು ನೋಡಿದೆ. ರಿಪೇರಿ ಮಾಡಿದ್ದು 2 ಸೆಂ.ಮೀ. ಗಿಡ್ಡ. ಪೂರ್ತಿ ಬಿಚ್ಚಿ ಮತ್ತೆ ಮಾಡಬೇಕಾ?

ಉತ್ತರ: ಬಿಚ್ಚಬೇಡಿ. ಅಳೆಯುವಾಗ ಟ್ರಿಮ್ (ಮುಂದಿನ ಲೈನ್‌ಗಳ ಉದ್ದ ಹೊಂದಿಸುವ ಹಗ್ಗ) ಪೂರ್ತಿ ಬಿಟ್ಟಿದ್ದಿರಾ, ಬಾರ್ ನೆಟ್ಟಗಿತ್ತಾ, ಅದನ್ನು ಮೊದಲು ನೋಡಿ. ಆಮೇಲೂ 2 ಸೆಂ.ಮೀ. ಗಿಡ್ಡ ಇದ್ದರೆ ಕೈಟ್ ಎಡಕ್ಕೆ ಎಳೆಯುತ್ತದೆ. ಕೈಟ್ ತುದಿಯ ಪುಟ್ಟ ಹಗ್ಗದಲ್ಲಿ ಎರಡು ಮೂರು ಗಂಟು ಇರುತ್ತವಲ್ಲ, ಎಡಗಡೆ ಮಾತ್ರ ಒಂದು ಗಂಟು ಹೊರಕ್ಕೆ ಸಿಕ್ಕಿಸಿ. ಗಂಟಿನ ಅಂತರ 2ಕ್ಕಿಂತ ಜಾಸ್ತಿ ಇದ್ದರೆ ಅದರ ಪಕ್ಕದಲ್ಲಿ ಬೇಕಾದ ಅಳತೆಗೆ ನೀವೇ ಇನ್ನೊಂದು ಗಂಟು ಹಾಕಿಕೊಳ್ಳಿ. ಆ ಹಗ್ಗ ದಪ್ಪ, ತಡೆಯುತ್ತದೆ. ಕೆರೆ ಅಂಗಳದಲ್ಲಿ ಅಳತೆ ಮಾತ್ರ ಮಾಡಿ, ಅಲ್ಲಿ ಕೈಟ್ ಏರಿಸಬೇಡಿ. ದಡದ ಮೇಲೆ ಕರೆಂಟ್ ತಂತಿ ಹೋಗಿರುತ್ತದೆ. ಮುಂದಿನ ಸಲ ಮಂಡಪಂಗೆ ಹೋದಾಗ ಮೊದಲ ಅರ್ಧ ಗಂಟೆ ದಡದ ಹತ್ತಿರವೇ, ಹಗುರ ಗಾಳಿಯಲ್ಲಿ ಓಡಿಸಿ. ವಾಪಸ್ ಬಂದು ಹೊಲಿಗೆ ನೋಡಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇನ್ನೊಂದು ಕುಣಿಕೆ ಕೆಲಸ ಇಲ್ಲಿ ಬಾಕಿ ಇದೆ, ಕಳಿಸಿಕೊಡಲಾ?